ದೇವರ ಭಯ ಇಲ್ಲದಿದ್ದರೆ ನೀತಿಯೇ ಇಲ್ಲವೇ?

ಚಂದಗುಳಿಯ ಸಿದ್ಧಿವಿನಾಯಕನನ್ನು ಜನ 'ಘಂಟೆ ಗಣಪತಿ' ಎಂದೇ ಕರೆಯುವುದು. ಹರಕೆ ಹೊತ್ತು, ಅಂದುಕೊಂಡಿದ್ದು ಕೈಗೂಡಿದ ಮೇಲೆ ಘಂಟೆ ತಂದು ಕಟ್ಟುವುದು ಇಲ್ಲಿನ ಪದ್ಧತಿ. ಮಗುವಾಗಲಿ ಎಂದೋ, ಕೆಲಸ ಸಿಗಲಿ ಎಂದೋ, ಕೋರ್ಟಿನಲ್ಲಿರುವ ಕೇಸು ಗೆಲ್ಲಲಿ ಎಂದೋ ಹರಕೆ ಹೊರುತ್ತಾರೆ. ಆ ನಂಬಿಕೆಯನ್ನು ಗೇಲಿ ಮಾಡುವುದಕ್ಕೆ ಇದನ್ನು ಬರೆಯುತ್ತಿಲ್ಲ. ಆದರೆ ಒಂದು ವಿಷಯ ಯೋಚಿಸಿ. ಜಮೀನಿನ ವ್ಯಾಜ್ಯದಲ್ಲಿ ಸತ್ಯ ಹೇಳಿ ಗೆದ್ದವನೂ ಘಂಟೆ ಕಟ್ಟಬಹುದು, ಸುಳ್ಳು ಸಾಕ್ಷಿ ಹಾಕಿಸಿ ಗೆದ್ದವನೂ ಕಟ್ಟಬಹುದು. ಎರಡು ಘಂಟೆಯ ಸದ್ದಿನಲ್ಲೂ ವ್ಯತ್ಯಾಸ ಇರುವುದಿಲ್ಲ. ಯಾರು ಗೆದ್ದದ್ದು ನ್ಯಾಯ ಎಂದು ಹೇಳಬೇಕಾದವರು ಬೇಲಿ ಮೊದಲು ಎಲ್ಲಿತ್ತು ಎಂದು ಕಂಡ ಊರಿನವರು. ಭಕ್ತಿಯ ಲೆಕ್ಕ ಬೇರೆ, ನೀತಿಯ ಲೆಕ್ಕ ಬೇರೆ.

ಇಷ್ಟು ಸರಳವಾದ ಸಂಗತಿಯನ್ನು ಈಗ ಹೇಳಲು ಕಾರಣ ಇದೆ. 'ಈಗಿನ ಮಕ್ಕಳು ಹಾಳಾಗಿವೆ' ಎಂದು ಯಾರಾದರೂ ಅಂದರೆ ಸಾಕು, ಮದ್ದು ಒಂದೇ: ಶಾಲೆಯಲ್ಲಿ ಧರ್ಮಗ್ರಂಥ ಕಲಿಸಿ. 2011ರಲ್ಲಿ ಸೋಂದಾ ಸ್ವರ್ಣವಲ್ಲೀ ಮಠದ ಭಗವದ್ಗೀತಾ ಅಭಿಯಾನ ಶಾಲೆಗಳ ಒಳಗೆ ಬಂದಾಗ ರಾಜ್ಯದಲ್ಲಿ ದೊಡ್ಡ ಚರ್ಚೆಯೇ ಆಯಿತು, ವಿಷಯ ಹೈಕೋರ್ಟಿಗೂ ಹೋಯಿತು. ಆಗ ಶಿಕ್ಷಣ ಸಚಿವರಾಗಿದ್ದವರು ನಮ್ಮ ಸಿರ್ಸಿಯ ಅಂದಿನ ಶಾಸಕ ವಿಶ್ವೇಶ್ವರ ಹೆಗಡೆ ಕಾಗೇರಿ. 2022ರಲ್ಲಿ ಶಿಕ್ಷಣ ಸಚಿವ ಬಿ.ಸಿ. ನಾಗೇಶ್ ನೈತಿಕ ಶಿಕ್ಷಣದ ಭಾಗವಾಗಿ ಗೀತೆಯನ್ನು ತರುವ ಮಾತಾಡಿದರು. ಸರ್ಕಾರಗಳು ಬದಲಾಗುತ್ತವೆ, ಪ್ರಸ್ತಾಪ ಮಾತ್ರ ಮತ್ತೆ ಮತ್ತೆ ಬರುತ್ತದೆ.

ಗೀತೆಯನ್ನು ಯಾರೂ ಓದಬಾರದು ಎಂದು ನಾನು ಹೇಳುವುದಿಲ್ಲ. ಮನೆಯಲ್ಲಿ ಓದಲಿ, ಮಠದಲ್ಲಿ ಓದಲಿ. ನನ್ನ ತಕರಾರು ಅದರ ಹಿಂದಿರುವ ನಂಬಿಕೆಯ ಮೇಲೆ. ಧರ್ಮ ಇಲ್ಲದೆ ನೀತಿ ಇಲ್ಲ, ಹಾಗಾಗಿ ನೀತಿಪಾಠ ಎಂದರೆ ಧರ್ಮಪಾಠ ಎನ್ನುವ ಆ ನಂಬಿಕೆ ಸುಳ್ಳು. ಅದು ಸುಳ್ಳು ಎನ್ನುವುದಕ್ಕೆ ನಮ್ಮ ಮೂರು ತಾಲೂಕುಗಳಲ್ಲೇ ಬೇಕಾದಷ್ಟು ಸಾಕ್ಷಿ ಇದೆ.

ಮೊದಲು ಶಬ್ದದ ಗೊಂದಲ ಬಿಡಿಸೋಣ. ಕನ್ನಡದಲ್ಲಿ 'ಧರ್ಮ' ಎಂಬ ಒಂದೇ ಶಬ್ದಕ್ಕೆ ಎರಡು ಕೆಲಸ. ಅರ್ಜಿಯಲ್ಲಿ 'ಧರ್ಮ: ಹಿಂದೂ' ಎಂದು ತುಂಬುವಾಗ ಅದು ಮತ. 'ಕೂಲಿ ಕೊಡದೆ ಕಳಿಸಿದೆಯಲ್ಲ, ಇದು ಧರ್ಮ ಅಲ್ಲ ಮಾರಾಯ' ಎನ್ನುವಾಗ ಅದು ನ್ಯಾಯ. ಎರಡನೆಯ ಅರ್ಥಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ. ಆ ಒಪ್ಪಿಗೆಯನ್ನು ಹಿಡಿದುಕೊಂಡು ಮೊದಲನೆಯದನ್ನು ಶಾಲೆಯೊಳಗೆ ತರುವುದು ಮಾತಿನ ಚಾಲಾಕಿ. ಕೂಲಿ ಕೊಡದವನ ಅರ್ಜಿಯಲ್ಲೂ ಧರ್ಮದ ಜಾಗ ಖಾಲಿ ಇರುವುದಿಲ್ಲ.

ಇನ್ನು ಸಿರ್ಸಿಯ ಮಾರಿಕಾಂಬೆಯ ಉದಾಹರಣೆ. ಜಾತ್ರೆಯಲ್ಲಿ ಹಿಂದೆ ಕೋಣನ ಬಲಿ ಇತ್ತು. 1930ರ ದಶಕದಲ್ಲಿ ಅದು ನಿಂತಿತು. ಗಾಂಧೀಜಿ ಹರಿಜನ ಯಾತ್ರೆಯಲ್ಲಿ ಸಿರ್ಸಿಗೆ ಬಂದದ್ದು 1934ರಲ್ಲಿ. ಬಲಿ ಕೊಡುವ ಗುಡಿಗೆ ಅವರು ಬರುವುದಿಲ್ಲ ಎಂಬುದು, ಊರಿನ ಗಾಂಧಿವಾದಿಗಳ ಪ್ರಯತ್ನ, ದೇವಸ್ಥಾನ ನಡೆಸುವವರ ಒಪ್ಪಿಗೆ, ಎಲ್ಲ ಸೇರಿ ಹಳೆಯ ಪದ್ಧತಿ ಹೋಯಿತು. ದೇವಿಯೂ ಗುಡಿಯೂ ಬದಲಾಗಲಿಲ್ಲ, ಭಕ್ತಿಯೂ ಕಡಿಮೆಯಾಗಲಿಲ್ಲ. ಹಾಗಾದರೆ ಬದಲಾಗಬೇಕು ಎಂದು ಹೇಳಿದ್ದು ಯಾವುದು? ಪದ್ಧತಿಯಂತೂ ತನ್ನನ್ನು ತಾನೇ ತಪ್ಪು ಎಂದಿರಲಿಕ್ಕಿಲ್ಲ.

ಬಲಿಯ ವಿಷಯದಲ್ಲಿ ಈಗಲೂ ಎರಡು ಅಭಿಪ್ರಾಯ ಇರಬಹುದು. ಗಾಂಧೀಜಿ ಆ ಯಾತ್ರೆ ಹೊರಟಿದ್ದು ಅದಕ್ಕಿಂತ ದೊಡ್ಡ ವಿಷಯಕ್ಕೆ, ಅಸ್ಪೃಶ್ಯತೆಯ ವಿರುದ್ಧ. ಮನುಷ್ಯರನ್ನು ಗುಡಿಯ ಹೊರಗೆ, ಬಾವಿಯಿಂದ ದೂರ ನಿಲ್ಲಿಸಿದವರು ಶಾಸ್ತ್ರ ಓದಿದವರೇ, ದಿನಾ ಸ್ನಾನ ಸಂಧ್ಯಾವಂದನೆ ಮಾಡುವವರೇ. 'ಆದರೆ ಗಾಂಧೀಜಿಯೂ ದೈವಭಕ್ತರಲ್ಲವೇ' ಎಂದು ಕೇಳುತ್ತೀರಿ. ಹೌದು. ಆದರೆ ವಿವೇಕಕ್ಕೆ, ನೀತಿಗೆ ಒಪ್ಪದ ಶಾಸ್ತ್ರವನ್ನು ತಾನು ಒಪ್ಪುವುದಿಲ್ಲ ಎಂದು ಹೇಳಿದವರೂ ಅವರೇ. ಅಂದರೆ ಶಾಸ್ತ್ರವನ್ನು ಅಳೆಯುವ ಕೋಲು ಶಾಸ್ತ್ರದ ಹೊರಗೆ ಇದೆ ಎಂದಾಯಿತು. ನೀತಿ ಹುಟ್ಟುವುದೇ ಮತದಿಂದ ಎನ್ನುವುದಾದರೆ ಮತವನ್ನು ತಿದ್ದಲು ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ತಿದ್ದಿದ್ದೇವೆ ಎಂಬುದೇ ಬೇರೆ ಕೋಲು ಇತ್ತು ಎಂಬುದಕ್ಕೆ ಪುರಾವೆ.

ಯಲ್ಲಾಪುರದ ಸಿದ್ದಿಗಳನ್ನು ನೋಡಿ. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ಮಕ್ಕಳು, ಮೊಮ್ಮಕ್ಕಳು ಇವರು. ಅವರ ಹಿರಿಯರನ್ನು ಹಡಗಿಗೆ ಹತ್ತಿಸಿದವರಲ್ಲಿ, ಕೊಂಡವರಲ್ಲಿ, ದುಡಿಸಿಕೊಂಡವರಲ್ಲಿ ದೇವರನ್ನು ನಂಬುವವರಿಗೆ ಬರ ಇರಲಿಲ್ಲ. ಪ್ರಾರ್ಥನೆಯೂ ನಡೆಯುತ್ತಿತ್ತು, ವ್ಯಾಪಾರವೂ ನಡೆಯುತ್ತಿತ್ತು. ಇವತ್ತು ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮೂರೂ ಮತದವರ ನಡುವೆ ನಂಟಸ್ತಿಕೆ ಇದೆ, ಹಿರಿಯರ ಪೂಜೆ ಇದೆ, ಡಮಾಮಿ ಇದೆ. ಮತ ಮೂರಾದರೆ ನೀತಿಯೂ ಮೂರಾಗಬೇಕಿತ್ತಲ್ಲ? ಕಳ್ಳತನ ಮೂವರಿಗೂ ಕಳ್ಳತನವೇ. ಮುದುಕರನ್ನು ಕೈಬಿಟ್ಟವನನ್ನು ಮೂವರೂ ಬೈಯುತ್ತಾರೆ.

'ಯಾವುದೋ ಒಂದು ದೇವರಾದರೂ ಇದೆಯಲ್ಲ' ಎನ್ನುವವರು ಸೋಂದೆಗೇ ಹೋಗಿ ಬನ್ನಿ. ಒಂದೇ ಊರಿನಲ್ಲಿ ಅದ್ವೈತದ ಸ್ವರ್ಣವಲ್ಲೀ ಮಠ, ದ್ವೈತದ ವಾದಿರಾಜ ಮಠ, ಜೈನರ ಸ್ವಾದಿ ಮಠ ಇವೆ. ಜಗತ್ತನ್ನು ಸೃಷ್ಟಿಸಿ, ಮೇಲೆ ಕೂತು ಪಾಪ ಪುಣ್ಯದ ತೀರ್ಪು ಕೊಡುವ ದೇವರನ್ನು ಜೈನರು ಒಪ್ಪುವುದಿಲ್ಲ. ಅಹಿಂಸೆಯಲ್ಲಿ ಅವರಿಗಿಂತ ಕಟ್ಟುನಿಟ್ಟು ಯಾರಿದ್ದಾರೆ? ಪಕ್ಕದ ಮುಂಡಗೋಡಿನಲ್ಲಿ 1966ರಿಂದ ಟಿಬೆಟಿಯನ್ ಕ್ಯಾಂಪುಗಳಿವೆ. ಬೌದ್ಧರಿಗೂ ಸೃಷ್ಟಿಕರ್ತ ಇಲ್ಲ. ಅವರ ಗುರು ದಲೈಲಾಮಾ 2011ರಲ್ಲಿ ಒಂದು ಪುಸ್ತಕವನ್ನೇ ಬರೆದು, ಯಾವ ಮತವನ್ನೂ ಆಧರಿಸದ ನೀತಿ ಇವತ್ತಿನ ಜಗತ್ತಿಗೆ ಬೇಕು ಎಂದು ವಾದಿಸಿದರು. ಕಾವಿ ಉಟ್ಟವರೇ ಇದನ್ನು ಹೇಳುವಾಗ ನಮಗೇಕೆ ಭಯ?

ಯಾವ ಮಠಕ್ಕೂ ಸೇರದವರೂ ಇದ್ದಾರೆ. ಶಿವರಾಮ ಕಾರಂತರು ದೇವರ ಹೆಸರಿನಲ್ಲಿ ಬದುಕು ಕಟ್ಟಿಕೊಂಡವರಲ್ಲ. ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣ ಹಿಂದಿರುಗಿಸಿದರು. ಕೈಗಾ ಅಣುಸ್ಥಾವರದ ವಿರುದ್ಧ ಜನರ ಗಮನ ಸೆಳೆಯಲು 1989ರಲ್ಲಿ, 87ನೇ ವಯಸ್ಸಿನಲ್ಲಿ, ನಮ್ಮ ಕ್ಷೇತ್ರದಿಂದ ಲೋಕಸಭೆಗೆ ನಿಂತರು. ಸೋತರು. ಯಾವ ಸ್ವರ್ಗದ ಆಸೆಗೆ, ಯಾವ ನರಕದ ಹೆದರಿಕೆಗೆ ಆ ವಯಸ್ಸಿನಲ್ಲಿ ನಮ್ಮ ಘಟ್ಟ ಹತ್ತಿಳಿದರು?

ಎದುರಿನವರ ಗಟ್ಟಿ ವಾದವನ್ನೂ ಹೇಳಬೇಕು. ನಮ್ಮ ಕಡೆಯ ದೇವರ ಕಾಡುಗಳು ಉಳಿದದ್ದು ಭಯದಿಂದ, ಭಕ್ತಿಯಿಂದ. ಅರಣ್ಯ ಇಲಾಖೆಯ ಬೋರ್ಡಿಗೆ ಹೆದರದವನು ಚೌಡಿಗೆ ಹೆದರಿದ. ಇದು ನಿಜ. ಆದರೆ ಆ ಭಯ ದೇವರ ಕಾಡಿನ ಗಡಿಗೇ ಮುಗಿಯಿತು, ಆಚೆಯ ಮರಕ್ಕೆ ಕೊಡಲಿ ಬಿತ್ತು. 1983ರ ಸೆಪ್ಟೆಂಬರಿನಲ್ಲಿ ಸಿರ್ಸಿಯ ಸಾಲ್ಕಣಿ ಕಡೆಯ ಜನ ಕಾಡಿಗೆ ಹೋಗಿ ಮರ ಅಪ್ಪಿಕೊಂಡರಲ್ಲ, ಅದು ದೇವರ ಕಾಡಾಗಿರಲಿಲ್ಲ. ಅಪ್ಪಿಕೊಂಡವರಲ್ಲಿ ಭಕ್ತರು ಇದ್ದೇ ಇದ್ದರು. ಆದರೆ ಅವರು ಮಾತಾಡಿದ್ದು ಹಳ್ಳದ ನೀರಿನ ಬಗ್ಗೆ, ತೋಟಕ್ಕೆ ಬೇಕಾದ ಸೊಪ್ಪಿನ ಬಗ್ಗೆ, ಮುಂದಿನವರಿಗೆ ಏನು ಉಳಿಯುತ್ತದೆ ಎನ್ನುವುದರ ಬಗ್ಗೆ. ಕಾರಣ ಕೊಟ್ಟು ಒಪ್ಪಿಸಿದ್ದರಿಂದಲೇ ಆ ಚಳವಳಿ ಬೇರೆ ಬೇರೆ ಊರಿಗೆ, ಬೇರೆ ಬೇರೆ ಜಾತಿಯವರಿಗೆ ಹಬ್ಬಿತು. ನನ್ನೂರಿನ ಚೌಡಿಯ ಭಯ ನಿಮ್ಮೂರಿನವರಿಗೆ ತಾಗುವುದಿಲ್ಲ, ಆದರೆ ಹಳ್ಳ ಬತ್ತಿದರೆ ಎಲ್ಲರಿಗೂ ತಾಗುತ್ತದೆ.

ಇನ್ನೊಂದು ವಾದ: ದೇವರನ್ನು ಓಡಿಸಿದ ಸ್ಟಾಲಿನ್ ಏನು ಮಾಡಿದ? ಲಕ್ಷಾಂತರ ಜನರನ್ನು ಕೊಂದ. ನಾಸ್ತಿಕರಾದ ಮಾತ್ರಕ್ಕೆ ಒಳ್ಳೆಯವರಾಗುವುದಿಲ್ಲ ಎಂದು ಇದರಿಂದ ತಿಳಿಯುತ್ತದೆ, ನಾನೂ ಅದನ್ನೇ ಹೇಳುತ್ತಿದ್ದೇನೆ. ನಂಬುವುದಾಗಲಿ ನಂಬದಿರುವುದಾಗಲಿ ನೀತಿಗೆ ಸರ್ಟಿಫಿಕೇಟ್ ಅಲ್ಲ.

ಹಾಗಾದರೆ ನೀತಿ ಎಲ್ಲಿಂದ ಬರುತ್ತದೆ? ನೆಟ್ಟಿಯ ದಿನಗಳ ಮುಯ್ಯಾಳು ಪದ್ಧತಿ ನೆನಪು ಮಾಡಿಕೊಳ್ಳಿ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಯಾರೂ ಆಣೆ ಹಾಕಿಸುವುದಿಲ್ಲ. ಒಬ್ಬರಿಗೊಬ್ಬರು ಬೇಕು ಎಂಬ ತಿಳಿವಳಿಕೆಯೇ ಸಾಕು. ಅಂಗನವಾಡಿಯ ಮಗು ಪ್ರಾರ್ಥನೆ ಕಲಿಯುವ ಮೊದಲೇ 'ಅವನಿಗೆ ಎರಡು, ನನಗೆ ಒಂದೇ' ಎಂದು ಅಳುತ್ತದೆ. ಆ ಅಳುವಿನಿಂದ 'ನನಗೆ ಎರಡು, ಅವನಿಗೆ ಒಂದೇ, ಇದೂ ಸರಿಯಲ್ಲ' ಎನ್ನುವವರೆಗೆ ಮಗುವನ್ನು ಕರೆದುಕೊಂಡು ಹೋಗುವುದೇ ನೈತಿಕ ಶಿಕ್ಷಣ. ಕೆಲವರು ಅದನ್ನು ಭಕ್ತಿಯ ದಾರಿಯಲ್ಲಿ ಮಾಡಿದ್ದಾರೆ, ಅವರಿಗೆ ಗೌರವವೇ. ಅದೊಂದೇ ದಾರಿ ಎಂದಾಗ ಮಾತ್ರ ನನ್ನ ವಿರೋಧ.

ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಮತಬೋಧನೆ ಕೂಡದು ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಆ ವಿಧಿ ಇಲ್ಲದಿದ್ದರೂ ಕಾರಣ ನಮ್ಮ ಶಾಲೆಯ ಬೆಂಚಿನ ಮೇಲೆಯೇ ಕೂತಿದೆ. ಒಂದೇ ಬೆಂಚಿನಲ್ಲಿ ಮೂರು ಮತದ ಮಕ್ಕಳಿರುವಾಗ ಒಂದು ಮತದ ಗ್ರಂಥವನ್ನು 'ನೀತಿ' ಎಂದು ಕಲಿಸಿದರೆ ಉಳಿದ ಇಬ್ಬರಿಗೆ ಹೋಗುವ ಸಂದೇಶ ಏನು? ನಿಮ್ಮ ಮನೆಯಲ್ಲಿ ನೀತಿ ಇಲ್ಲ ಎಂದು. ಮೂರನೇ ತರಗತಿಯ ಮಗುವಿಗೆ ಹಾಗೆ ಹೇಳುವುದೇ ಅನೀತಿ.

ಮುಂದಿನ ಸಲ ಎಸ್‌ಡಿಎಂಸಿ ಸಭೆಯಲ್ಲಿ ಯಾರಾದರೂ ಶ್ಲೋಕ ಕಂಠಪಾಠದ ಸ್ಪರ್ಧೆಯನ್ನು ನೀತಿಪಾಠ ಎಂದು ತಂದರೆ, ಬೇರೆ ಒಂದು ಪ್ರಸ್ತಾಪ ಇಡಿ. ವಾರಕ್ಕೆ ಅರ್ಧ ಗಂಟೆ, ಒಂದು ಪ್ರಶ್ನೆ. ಏಪ್ರಿಲ್‌ನಲ್ಲಿ ಹಳ್ಳದ ನೀರು ಇಳಿದಿದೆ. ಮೇಲಿನ ತೋಟದವರು ದಿನವಿಡೀ ಪಂಪು ಹಚ್ಚಿದರೆ ಕೆಳಗಿನ ಕೇರಿಗೆ ಕುಡಿಯಲೂ ನೀರಿಲ್ಲ. ಯಾರು, ಎಷ್ಟು ಹೊತ್ತು, ಯಾಕೆ? ಮಕ್ಕಳು ಜಗಳ ಆಡಲಿ, ಲೆಕ್ಕ ಹಾಕಲಿ, ಕೆಳಗಿನ ಕೇರಿಯ ಮಗು ಎದ್ದು ನಿಂತು ಮಾತಾಡಲಿ. ಮೇಲಿನ ತೋಟದ ಮನೆಯ ಮಗು ಅದನ್ನು ಕೂತು ಕೇಳಲಿ.