ಒಂದೇ ಸೂರಿನಡಿಯ ಲೆಕ್ಕಪತ್ರ

ಮುಂಬಯಿಗೆ ವಲಸೆ ಬಂದ ಕನ್ನಡಿಗರು ಇಲ್ಲಿ ಕಟ್ಟಿದ ಸಂಸ್ಥೆಗಳು ಹಲವು. ಹೋಟೆಲುಗಳು, ರಾತ್ರಿ ಶಾಲೆಗಳು, ಸಮಾಜದ ಸಂಘಗಳು, ಪತ್ರಿಕೆಗಳು ಎಂದು ನಾವು ಅಭಿಮಾನದಿಂದ ಎಣಿಸುತ್ತ ಹೋಗುತ್ತೇವೆ. ಅವುಗಳ ಸಾಲಿನಲ್ಲೇ ಹಣಕಾಸಿನ ಸಂಸ್ಥೆಗಳೂ ಇವೆ. ಬಿಲ್ಲವರ ಅಸೋಸಿಯೇಶನ್ನಿನ ಮುಂದಾಳತ್ವದಲ್ಲಿ 1978ರಲ್ಲಿ ಆರಂಭವಾದ ಭಾರತ್ ಕೋ-ಆಪರೇಟಿವ್ ಬ್ಯಾಂಕ್ ಅವುಗಳಲ್ಲಿ ಹೆಸರಾದುದು. ಉಪನಗರಗಳಲ್ಲಿ ಹರಡಿರುವ ಸಣ್ಣಪುಟ್ಟ ಪತ್ತಿನ ಸಹಕಾರಿ ಸಂಘಗಳನ್ನೂ ಇದಕ್ಕೆ ಸೇರಿಸಬೇಕು. ಇಂಥ ಸಂಘಗಳಲ್ಲಿ ಹಿಂದೆ ಸದಸ್ಯರ ಲೆಕ್ಕವೆಲ್ಲ ಕೆಂಪು ಬಟ್ಟೆಯ ರಟ್ಟಿನ ಲೆಡ್ಜರುಗಳಲ್ಲಿತ್ತು. ಆ ಲೆಡ್ಜರು ಯಾವ ಕಪಾಟಿನಲ್ಲಿದೆ, ಅದರ ಕೀಲಿ ಯಾರ ಸೊಂಟದಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಇಂದು ಆ ಲೆಡ್ಜರು ಎಲ್ಲಿದೆ? ವಾರ್ಷಿಕ ಮಹಾಸಭೆಯಲ್ಲಿ ಡಿವಿಡೆಂಡು ಎಷ್ಟು, ಸಾಲದ ಬಡ್ಡಿ ಎಷ್ಟು ಎಂದು ಕೇಳುವ ಸದಸ್ಯರು ಈ ಪ್ರಶ್ನೆಯನ್ನು ಕೇಳುವುದು ಅಪರೂಪ. ಅದು ಕಂಪ್ಯೂಟರಿನವರ ಕೆಲಸ, ನಮಗೇಕೆ ಎಂಬ ಭಾವನೆ ಸಾರ್ವತ್ರಿಕವಾಗಿದೆ. ಈ ಭಾವನೆ ಅಪಾಯಕಾರಿ ಎಂಬುದೇ ನಮ್ಮ ಅಭಿಪ್ರಾಯ. ಯಂತ್ರದ ತಿರುಪು ಬಿಗಿಯುವುದು ತಂತ್ರಜ್ಞರ ಕೆಲಸವಿರಬಹುದು. ಆದರೆ ಎಲ್ಲ ಲೆಕ್ಕವನ್ನೂ ಒಂದೇ ಪೆಟ್ಟಿಗೆಯಲ್ಲಿಡಬೇಕೇ, ಆ ಪೆಟ್ಟಿಗೆ ಕೆಟ್ಟರೆ ಏನು ಗತಿ, ಆ ಗತಿಯನ್ನು ಎಂದಾದರೂ ಪರೀಕ್ಷಿಸಿ ನೋಡಿದ್ದೇವೆಯೇ ಎಂಬ ವಿಚಾರಗಳು ಆಡಳಿತಕ್ಕೆ ಸೇರಿದವು. ಅವು ನಿರ್ದೇಶಕ ಮಂಡಳಿಯ ಮುಂದೆ ಬರಬೇಕು.

ಈ ಪೆಟ್ಟಿಗೆಯ ಸ್ವರೂಪವನ್ನು ತಿಳಿಯಲು ಮುಂಬಯಿಯವರಿಗೆ ದೂರ ಹೋಗಬೇಕಾಗಿಲ್ಲ. ಬ್ಲೇಡ್ ಸರ್ವರ್ ಎಂಬುದು ಯಂತ್ರಲೋಕದ ಚಾಳು. ಚಾಳಿನಲ್ಲಿ ಪ್ರತಿಯೊಂದು ಸಂಸಾರಕ್ಕೂ ತನ್ನದೇ ಖೋಲಿಯಿರುತ್ತದೆ. ಆದರೆ ಮೊಗಸಾಲೆ, ನಲ್ಲಿ, ಮೆಟ್ಟಿಲು ಎಲ್ಲರಿಗೂ ಸೇರಿದ್ದು. ಹಾಗೆಯೇ ಪ್ರತಿಯೊಂದು ಬ್ಲೇಡಿಗೂ ತನ್ನದೇ ಪ್ರೊಸೆಸರ್, ತನ್ನದೇ ಮೆಮೊರಿ ಇರುತ್ತವೆ. ವಿದ್ಯುತ್ತು, ಗಾಳಿ, ಹೊರಜಗತ್ತಿನ ಸಂಪರ್ಕ ಮಾತ್ರ ಚಾಸಿಸ್ ಎಂಬ ಒಂದೇ ಹೊರಪೆಟ್ಟಿಗೆಯಿಂದ ಬರುತ್ತವೆ. 2006ರಲ್ಲಿ ಎಚ್‌ಪಿ ಕಂಪೆನಿ ಹೊರತಂದ ಸಿ7000 ಎಂಬ ಚಾಸಿಸ್‌ನಲ್ಲಿ ಅರ್ಧ ಎತ್ತರದ 16 ಬ್ಲೇಡುಗಳು ಹಿಡಿಸುತ್ತಿದ್ದವು. ಅವುಗಳಿಗೆಲ್ಲ ಸೇರಿ 6 ವಿದ್ಯುತ್ ಘಟಕಗಳು, 10 ಫ್ಯಾನುಗಳು. ಅಂಥ ನಾಲ್ಕು ಚಾಸಿಸ್‌ಗಳನ್ನು ಒಂದೇ ರ‍್ಯಾಕಿನಲ್ಲಿ ನಿಲ್ಲಿಸಿದರೆ 64 ಸರ್ವರುಗಳು ಒಂದು ಗೋದ್ರೇಜ್ ಕಪಾಟಿನಷ್ಟು ಜಾಗದಲ್ಲಿ ಅಡಗುತ್ತವೆ. ಚದರಡಿಗೆ ಇಷ್ಟೆಂದು ಬಾಡಿಗೆ ತೆರುವ ಈ ನಗರದಲ್ಲಿ ಇಂಥ ಯಂತ್ರ ಮನಸ್ಸಿಗೆ ಹಿಡಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಚಾಳಿನ ಒಂದು ಖೋಲಿಯಲ್ಲಿ ಹಲವರು ಪಾಳಿಯಂತೆ ಮಲಗುತ್ತಿದ್ದ ಗಿರಣಿ ಕಾಲವನ್ನು ನೆನೆದರೆ ವರ್ಚುವಲೈಸೇಶನ್ ಎಂಬುದೂ ಅರ್ಥವಾಗುತ್ತದೆ. ಒಂದೇ ಯಂತ್ರದ ಶಕ್ತಿಯನ್ನು ತಂತ್ರಾಂಶದ ಮೂಲಕ ಹಂಚಿ, ಅದರೊಳಗೆ ಹತ್ತಾರು ವರ್ಚುವಲ್ ಯಂತ್ರಗಳನ್ನು ನಡೆಸುವ ಉಪಾಯವಿದು. ಉಪಾಯ ಹಳೆಯದು, ಐಬಿಎಂ ತನ್ನ ದೊಡ್ಡ ಗಣಕಗಳಲ್ಲಿ 1960ರ ದಶಕದಲ್ಲೇ ಇದನ್ನು ಸಾಧಿಸಿತ್ತು. 1998ರಲ್ಲಿ ಹುಟ್ಟಿದ ವಿಎಂವೇರ್ ಕಂಪೆನಿ ಇದನ್ನು ಸಾಮಾನ್ಯ ಸರ್ವರುಗಳಿಗೆ ತಂದಿತು. ಉಳಿತಾಯ ಖಾತೆಯ ತಂತ್ರಾಂಶಕ್ಕೊಂದು, ಇಮೇಲಿಗೊಂದು, ಸಂಬಳದ ಲೆಕ್ಕಕ್ಕೊಂದು ಎಂದು ಬೇರೆ ಬೇರೆ ಸರ್ವರುಗಳನ್ನು ಕೊಂಡು, ಅವು ದಿನದ ಬಹುಪಾಲು ಸುಮ್ಮನೆ ಕೂರುವುದನ್ನು ನೋಡುತ್ತಿದ್ದ ಕಚೇರಿಗಳಿಗೆ ಇದರಿಂದ ನಿಜವಾದ ಉಳಿತಾಯವಾಯಿತು. ಅದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಜಾಗ ಒಟ್ಟುಗೂಡಿದಂತೆ ಅಪಾಯವೂ ಒಟ್ಟುಗೂಡುತ್ತದೆ. ಚಾಳಿನ ಒಂದು ಖೋಲಿಯ ದೀಪ ಕೆಟ್ಟರೆ ಆ ಸಂಸಾರಕ್ಕೆ ಮಾತ್ರ ಕತ್ತಲೆ. ನಲ್ಲಿ ನಿಂತರೆ ಇಡೀ ಮಾಳಿಗೆಗೆ ತೊಂದರೆ. ಇಲ್ಲಿ ಒಂದು ಸರಳ ಗಣಿತವಿದೆ. ನಾಲ್ಕು ಬ್ಲೇಡುಗಳಿದ್ದು, ಪ್ರತಿಯೊಂದೂ ತನ್ನ ಶಕ್ತಿಯ ಶೇ. 70ರಷ್ಟು ದುಡಿಯುತ್ತಿದೆ ಎನ್ನೋಣ. ಒಂದು ಕೆಟ್ಟರೆ ಉಳಿದ ಮೂರು ಶೇ. 93ರಷ್ಟು ದುಡಿದು ಹೇಗೋ ದಿನ ತಳ್ಳಬಲ್ಲವು. ಅದೇ ನಾಲ್ಕನ್ನೂ ಮೊದಲೇ ಶೇ. 80ರಷ್ಟು ತುಂಬಿಸಿದ್ದರೆ ಉಳಿದ ಮೂರರ ಮೇಲೆ ಬೀಳುವ ಹೊರೆ ಶೇ. 107, ಅಂದರೆ ಅದು ಸಾಧ್ಯವೇ ಇಲ್ಲ. ಖಾಲಿ ಬಿಟ್ಟ ಆ ಜಾಗ ಪೋಲಲ್ಲ, ವಿಮೆಯ ಕಂತು. ಇನ್ನೂ ಸ್ವಲ್ಪ ತುಂಬಿಸಬಹುದಲ್ಲ ಎಂದು ಲೆಕ್ಕ ತಪಾಸಣೆಯ ಕಣ್ಣಿನಿಂದ ನೋಡುವವರಿಗೆ ಇದನ್ನು ತಿಳಿಸಿ ಹೇಳಬೇಕಾಗುತ್ತದೆ.

ಇನ್ನು ದತ್ತಾಂಶವನ್ನು ಇಡುವ ಭಂಡಾರದ ಮಾತು. ವರ್ಚುವಲ್ ಯಂತ್ರಗಳು ಒಂದು ಬ್ಲೇಡಿನಿಂದ ಇನ್ನೊಂದಕ್ಕೆ ನೆಗೆಯಬೇಕಾದರೆ ಅವುಗಳ ಕಡತಗಳು ಬ್ಲೇಡಿನ ಹೊರಗೆ, ಎಲ್ಲರಿಗೂ ಕೈಗೆಟಕುವಲ್ಲಿ ಇರಬೇಕು. ಅದಕ್ಕಾಗಿ ಸ್ಟೋರೇಜ್ ಏರಿಯಾ ನೆಟ್‌ವರ್ಕ್, ಚಿಕ್ಕದಾಗಿ ಸ್ಯಾನ್, ಎಂಬ ಏರ್ಪಾಡು. ಅದರೊಳಗಿನ ಡಿಸ್ಕುಗಳನ್ನು ರೇಡ್ ಎಂಬ ಕ್ರಮದಲ್ಲಿ ಜೋಡಿಸಿದಾಗ ಒಂದೆರಡು ಡಿಸ್ಕು ಸತ್ತರೂ ಮಾಹಿತಿ ಉಳಿಯುತ್ತದೆ. ಇಷ್ಟಕ್ಕೇ ನೆಮ್ಮದಿಯಿಂದ ಮಲಗುವ ಸಂಸ್ಥೆಗಳುಂಟು. ರೇಡ್ ಕಾಪಾಡುವುದು ಡಿಸ್ಕಿನ ಸಾವಿನಿಂದ ಮಾತ್ರ. ಗುಮಾಸ್ತ ತಪ್ಪಿ ಅಳಿಸಿದ ಕಡತವನ್ನಾಗಲಿ, ಒತ್ತೆಹಣಕ್ಕಾಗಿ ಕಳ್ಳರು ಗೂಢಲಿಪಿಗೊಳಿಸಿದ ಲೆಕ್ಕವನ್ನಾಗಲಿ ಅದು ಹಿಂದಿರುಗಿಸದು. ಅಳಿಸಿದ್ದನ್ನು ಅಷ್ಟೇ ನಿಷ್ಠೆಯಿಂದ ಎಲ್ಲ ಡಿಸ್ಕುಗಳಲ್ಲೂ ಅಳಿಸುತ್ತದೆ. ಆದ್ದರಿಂದ ಬೇರೆಲ್ಲೋ ಇಟ್ಟ, ಜಾಲದ ಸಂಪರ್ಕವೇ ಇಲ್ಲದ ಒಂದು ಪ್ರತಿ ಬೇಕೇ ಬೇಕು.

ಈ ಮಾತುಗಳು ಪುಸ್ತಕದ ಪಾಠದಂತೆ ತೋರಿದರೆ 2021ರ ಫೆಬ್ರವರಿ 24ರ ಬುಧವಾರವನ್ನು ನೆನೆಯಬೇಕು. ಆ ದಿನ ಬೆಳಗ್ಗೆ 11.40ಕ್ಕೆ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ, ಅಂದರೆ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿರುವ ಎನ್‌ಎಸ್‌ಇ, ತನ್ನ ವಹಿವಾಟನ್ನು ನಿಲ್ಲಿಸಿತು. ಮತ್ತೆ ಆರಂಭವಾದದ್ದು ಮಧ್ಯಾಹ್ನ 3.45ಕ್ಕೆ, ಅದಕ್ಕಾಗಿ ಪೇಟೆಯ ವೇಳೆಯನ್ನು ಸಂಜೆ 5ರವರೆಗೆ ವಿಸ್ತರಿಸಬೇಕಾಯಿತು. ಸಂಸ್ಥೆ ನಂತರ ಕೊಟ್ಟ ವಿವರಣೆ ಪಾಠದಂತಿದೆ. ಮುಖ್ಯ ಕೇಂದ್ರಕ್ಕೂ ಸಮೀಪದ ಇನ್ನೊಂದು ಕೇಂದ್ರಕ್ಕೂ ನಡುವೆ ಎರಡು ದೂರಸಂಪರ್ಕ ಕಂಪೆನಿಗಳ ತಂತಿಗಳಿದ್ದವು. ದಾರಿಯಲ್ಲಿ ನಡೆದ ಅಗೆತ ಮತ್ತು ಕಟ್ಟಡ ಕೆಲಸದಿಂದ ಎರಡೂ ಕಂಪೆನಿಗಳ ಸಂಪರ್ಕ ಅಸ್ಥಿರವಾಯಿತು. ಹಾಗಾದರೂ ಮುಖ್ಯ ಕೇಂದ್ರದ ಕೆಲಸ ತನ್ನ ಪಾಡಿಗೆ ನಡೆಯಬೇಕಿತ್ತು. ಆದರೆ ಅಲ್ಲಿನ ಸ್ಯಾನ್ ತನ್ನ ಸರ್ವರುಗಳಿಗೇ ಸಿಗದಂತಾಯಿತು. ಪೂರೈಕೆದಾರರು ಅಳವಡಿಸಿದ್ದ ತರ್ಕ ಉದ್ದೇಶಿಸಿದಂತೆ ನಡೆಯಲಿಲ್ಲ. ಷೇರು ಕೊಳ್ಳುವ ಮಾರುವ ಯಂತ್ರಗಳು ಚೆನ್ನಾಗಿಯೇ ಇದ್ದವು. ಅಪಾಯವನ್ನು ಅಳೆಯುವ ವ್ಯವಸ್ಥೆ ಸಿಗದ್ದರಿಂದ ಪೇಟೆಯನ್ನೇ ಮುಚ್ಚಬೇಕಾಯಿತು.

ಇದರ ಹಿಂದೆ ಪ್ರಕೃತಿಯ ಒಂದು ನಿಯಮವಿದೆ. ಬೆಳಕು ಗಾಜಿನ ತಂತಿಯಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಎನ್‌ಎಸ್‌ಇಯ ದೂರದ ಕೇಂದ್ರ ಚೆನ್ನೈಯಲ್ಲಿದೆ. ಸಾವಿರ ಕಿಲೋಮೀಟರಿಗೂ ಮಿಕ್ಕಿದ ಆ ದಾರಿಯಲ್ಲಿ ಒಂದು ಸಂದೇಶ ಹೋಗಿ ಮರಳಲು ಸೆಕೆಂಡಿನ ನೂರನೆಯ ಒಂದು ಭಾಗವಾದರೂ ಬೇಕು. ನಮಗೆ ಅದು ಏನೂ ಅಲ್ಲ. ಪ್ರತಿ ವ್ಯವಹಾರವೂ ಎರಡೂ ಕಡೆ ಬರೆದಾದ ಮೇಲೆಯೇ ಮುಗಿಯಬೇಕು ಎನ್ನುವ ಪೇಟೆಗೆ ಅದು ಬಹಳ ದೀರ್ಘ. ಆದ್ದರಿಂದ ಒಂದು ಅಕ್ಷರವೂ ಕಳೆಯಬಾರದೆಂದರೆ ಎರಡನೆಯ ಪ್ರತಿ ಹತ್ತಿರವಿರಬೇಕು. ಮುಂಬಯಿಯೇ ಮುಳುಗಿದರೂ ಉಳಿಯಬೇಕೆಂದರೆ ಪ್ರತಿ ದೂರವಿರಬೇಕು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನು ಕಂಡವರಿಗೆ ಈ ಎರಡನೆಯ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುರ್ಲಾದ ಪ್ರತಿ ಸಯಾನಿನಲ್ಲಿದ್ದರೆ ಮೀಠಿ ನದಿಗೆ ಅದು ದೂರವೇನಲ್ಲ.

ವಿದ್ಯುತ್ತಿನ ವಿಷಯದಲ್ಲಿ ಈ ನಗರ ಪಾಠ ಕಲಿತಿದೆ. 2020ರ ಅಕ್ಟೋಬರ್ 12ರ ಬೆಳಗ್ಗೆ ಗ್ರಿಡ್ ಕುಸಿದು ಲೋಕಲ್ ರೈಲುಗಳು ನಿಂತಲ್ಲೇ ನಿಂತವು. ಆದರೆ ಷೇರುಪೇಟೆಗಳ ವಹಿವಾಟು ನಿಲ್ಲಲಿಲ್ಲ. ಜನರೇಟರನ್ನು ಆಗಾಗ ಚಾಲೂ ಮಾಡಿ ನೋಡುವ ಅಭ್ಯಾಸ ನಮ್ಮ ಹೌಸಿಂಗ್ ಸೊಸೈಟಿಗಳಿಗೂ ಇದೆ, ಹೋಟೆಲುಗಳಿಗೂ ಇದೆ. ಪರ್ಯಾಯ ಗಣಕ ವ್ಯವಸ್ಥೆಗೆ ಮಾತ್ರ ಈ ಅಭ್ಯಾಸ ಇನ್ನೂ ಬಂದಿಲ್ಲ. ಅದನ್ನು ಕೊಂಡ ದಿನ ತೆಂಗಿನಕಾಯಿ ಒಡೆದು ಪೂಜೆ ಮಾಡುತ್ತಾರೆ. ಆಮೇಲೆ ಅದು ದೇವರ ಕೋಣೆಯ ವಿಗ್ರಹದಂತೆ ಯಾರೂ ಮುಟ್ಟದೆ ಉಳಿಯುತ್ತದೆ. ಮುಟ್ಟಿದರೆ ಕೆಟ್ಟೀತೆಂಬ ಭಯವೇ ಅದು ಕೆಟ್ಟಿರಬಹುದೆಂಬುದರ ಸೂಚನೆ.

ದೊಡ್ಡವರು ಈ ಭಯವನ್ನು ಬಿಟ್ಟಿದ್ದಾರೆ. 2024ರ ಮಾರ್ಚ್ 2 ಮತ್ತು ಮೇ 18, ಎರಡೂ ಶನಿವಾರಗಳು. ಆ ದಿನಗಳಲ್ಲಿ ಷೇರುಪೇಟೆಗಳು ವಿಶೇಷ ವಹಿವಾಟು ನಡೆಸಿ, ನಡುವೆ ಮುಖ್ಯ ಕೇಂದ್ರದಿಂದ ಪರ್ಯಾಯ ಕೇಂದ್ರಕ್ಕೆ ಬದಲಾದವು. ಅದು ಅಣಕು ಪ್ರದರ್ಶನವಾಗಿರಲಿಲ್ಲ. ನಿಜವಾದ ಹಣ, ನಿಜವಾದ ಗಿರಾಕಿಗಳು. ಇದೇ ಕ್ರಮವನ್ನು ನಮ್ಮ ಸಹಕಾರಿ ಬ್ಯಾಂಕುಗಳೂ ಪತ್ತಿನ ಸಂಘಗಳೂ ತಮ್ಮ ಅಳತೆಗೆ ತಕ್ಕಂತೆ ಅನುಸರಿಸಬೇಕೆಂಬುದು ನಮ್ಮ ಒತ್ತಾಯ. ವರ್ಷದಲ್ಲಿ ಒಂದು ದಿನವನ್ನು ಗೊತ್ತುಮಾಡಿ, ಸದಸ್ಯರಿಗೆ ಮುಂಚಿತವಾಗಿ ತಿಳಿಸಿ, ಆ ದಿನದ ವ್ಯವಹಾರವನ್ನೆಲ್ಲ ಪರ್ಯಾಯ ವ್ಯವಸ್ಥೆಯಲ್ಲೇ ನಡೆಸಬೇಕು. ಅರ್ಧ ಗಂಟೆ ಕಾಯಬೇಕಾದ ಸದಸ್ಯರು ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ. ಕೌಂಟರಿನ ಮುಂದೆ ಒಂದು ವಾರ ನಿಲ್ಲುವುದಕ್ಕಿಂತ ಅದು ಮೇಲು.

ನಾವು ಸಣ್ಣವರು, ಇಷ್ಟೆಲ್ಲ ಖರ್ಚು ಎಲ್ಲಿಂದ ತರೋಣ ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ನಮ್ಮ ಮೊದಲ ಉತ್ತರ: ಸಣ್ಣವರಿಗೆ ಬ್ಲೇಡ್ ಸರ್ವರ್ ಬೇಕಾಗಿಯೇ ಇಲ್ಲ. ಭರ್ತಿಯಾದ ಚಾಸಿಸ್‌ನ ತೂಕವೇ ಸುಮಾರು 200 ಕಿಲೋ. ಅದು ಉಗುಳುವ ಬಿಸಿಯನ್ನು ತಣಿಸಲು ಹಗಲಿರುಳು ಹವಾನಿಯಂತ್ರಣ ಬೇಕು. ಮೂರೇ ಮೂರು ಬ್ಲೇಡು ಹಾಕಿ ಉಳಿದ ಖಾಲಿ ಗೂಡುಗಳನ್ನು ಮುಚ್ಚಿಡುವುದು, ಎರಡು ಕೋಣೆಯ ಸಂಸಾರಕ್ಕೆ ಮದುವೆಯ ಹಂಡೆ ಕೊಂಡಂತೆ. ಎರಡು ಸಾಧಾರಣ ಸರ್ವರುಗಳು, ಅವುಗಳ ಮೇಲೆ ವರ್ಚುವಲೈಸೇಶನ್, ಬೇರೆ ಊರಿನಲ್ಲೊಂದು ಪ್ರತಿ, ಇಷ್ಟಿದ್ದರೆ ಒಂದು ಮಧ್ಯಮ ಸಂಸ್ಥೆಗೆ ಸಾಲುತ್ತದೆ. ತಂತ್ರಾಂಶದ ಪರವಾನಗಿಯನ್ನೂ ಎಚ್ಚರದಿಂದ ಆರಿಸಬೇಕು. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ವಿಎಂವೇರನ್ನು ಕೊಂಡು, ಮರು ತಿಂಗಳೇ ಶಾಶ್ವತ ಪರವಾನಗಿಗಳ ಮಾರಾಟವನ್ನು ನಿಲ್ಲಿಸಿ ಚಂದಾ ಪದ್ಧತಿಯನ್ನು ತಂದಿತು. ಪಗಡಿ ಮನೆಯಲ್ಲಿದ್ದವನಿಗೆ ಮಾಲೀಕ ಬದಲಾಗಿ ಹೊಸ ಬಾಡಿಗೆಯ ಕರಾರು ಬಂದಂತಾಯಿತು. ಲಿನಕ್ಸಿನೊಂದಿಗೇ ಬರುವ ಕೆವಿಎಂನಂಥ ಮುಕ್ತ ತಂತ್ರಾಂಶಗಳನ್ನು ಆಗಲೇ ತೂಗಿ ನೋಡಿದ್ದವರಿಗೆ ಹೊರದಾರಿಯಾದರೂ ಗೊತ್ತಿತ್ತು.

ಎಲ್ಲವನ್ನೂ ಹೊರಗಿನ ಸೇವಾ ಕಂಪೆನಿಗೆ ಒಪ್ಪಿಸಿಬಿಡೋಣ ಎಂಬುದು ಎರಡನೆಯ ಮಾತು. ಅದೂ ಒಳ್ಳೆಯ ದಾರಿಯೇ. ಅನೇಕ ಸಣ್ಣ ಬ್ಯಾಂಕುಗಳಿಗೆ ಅದೊಂದೇ ದಾರಿ. ಆದರೆ ಹೊರೆ ಹೋದಂತೆ ಹೊಣೆ ಹೋಗುವುದಿಲ್ಲ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಸೇವಾ ಕಂಪೆನಿಯ ವ್ಯವಸ್ಥೆಗೆ ಒತ್ತೆಹಣದ ದಾಳಿ ತಗಲಿದಾಗ, ಸೋಂಕು ಹರಡದಿರಲೆಂದು ರಾಷ್ಟ್ರೀಯ ಪಾವತಿ ನಿಗಮ ಅದರ ಸಂಪರ್ಕವನ್ನೇ ಕಡಿದುಹಾಕಿತು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಪಾವತಿ ಸೇವೆ ತಾತ್ಕಾಲಿಕವಾಗಿ ನಿಂತಿತು. ನೂರಾರು ಸಂಸಾರಗಳಿಗೆ ಒಂದೇ ನಲ್ಲಿ ಎಂಬ ಮಾತು ಇಲ್ಲಿಯೂ ಅನ್ವಯಿಸುತ್ತದೆ. ನಗರ ಸಹಕಾರಿ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕು 2018ರಲ್ಲಿ ಹೊರಡಿಸಿದ ಸೈಬರ್ ಸುರಕ್ಷೆಯ ಮಾರ್ಗಸೂಚಿ, ಮಾಹಿತಿ ಸುರಕ್ಷೆಯ ಅಂತಿಮ ಹೊಣೆಯನ್ನು ನಿರ್ದೇಶಕ ಮಂಡಳಿಯ ಮೇಲೆಯೇ ಹೊರಿಸಿದೆ.

ನಮ್ಮ ಸಂಸ್ಥೆಗಳ ನಿರ್ದೇಶಕರಲ್ಲಿ ಹೋಟೆಲ್ ಉದ್ಯಮಿಗಳಿದ್ದಾರೆ, ವಕೀಲರಿದ್ದಾರೆ, ನಿವೃತ್ತ ಅಧ್ಯಾಪಕರಿದ್ದಾರೆ. ಅವರು ಸ್ಯಾನ್‌ನ ಒಳಗುಟ್ಟನ್ನು ಅರಿಯಬೇಕಾಗಿಲ್ಲ. ಸದಸ್ಯರೂ ಅರಿಯಬೇಕಾಗಿಲ್ಲ. ಮುಂದಿನ ಮಹಾಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಎದ್ದು ನಿಂತು ಕೇಳಿದರೆ ಸಾಕು. ನಮ್ಮ ಲೆಕ್ಕದ ಎರಡನೆಯ ಪ್ರತಿ ಯಾವ ಊರಿನಲ್ಲಿದೆ? ಜಾಲದಿಂದ ಬೇರ್ಪಟ್ಟ ಪ್ರತಿ ಒಂದಾದರೂ ಇದೆಯೇ? ಆ ಪ್ರತಿಯಿಂದ ಬ್ಯಾಂಕನ್ನು ಕೊನೆಯ ಸಲ ನಡೆಸಿ ನೋಡಿದ್ದು ಯಾವ ತಾರೀಕಿನಂದು, ಎಷ್ಟು ಹೊತ್ತು ಹಿಡಿಯಿತು? ಈ ಮೂರಕ್ಕೂ ಉತ್ತರ ವರದಿಯಲ್ಲಿ ಅಚ್ಚಾಗಬೇಕು, ಅಧ್ಯಕ್ಷರ ಭಾವಚಿತ್ರದ ಪಕ್ಕದ ಪುಟದಲ್ಲಿ. ಮೂರನೆಯ ಪ್ರಶ್ನೆಗೆ ತಾರೀಕು ಸಿಗದಿದ್ದರೆ, ಮುಂದಿನ ಸಭೆಯೊಳಗೆ ಅದನ್ನು ಗೊತ್ತುಮಾಡುವ ನಿರ್ಣಯವನ್ನು ಅಲ್ಲಿಯೇ ಮಂಡಿಸಬೇಕು.