ಇನ್ಶೂರೆನ್ಸ್ ಇದ್ದರೆ ಲಾರಿಗೆ ಪರ್ಮಿಟ್ ಬೇಡವೇ? ಹರಿದಾಡುವ ಐದು ತಪ್ಪು ತಿಳಿವಳಿಕೆಗಳು

ಸಾಲ ಮಾಡಿ ಒಂದು ಕ್ಯಾಂಟರ್ ಕೊಂಡು ಬಾಡಿಗೆಗೆ ಓಡಿಸೋಣ ಎಂದು ಹೊರಟವರಿಗೆ ಸಲಹೆ ಕೊಡುವವರು ಬಹಳ. "ಏಳೂವರೆ ಟನ್ ಒಳಗಿನ ಗಾಡಿಗೆ ಪರ್ಮಿಟ್ ಬೇಡ", "ಜಿಎಸ್‌ಟಿ ಬಂದ ಮೇಲೆ ಪರ್ಮಿಟ್ ಕೇಳೋದಿಲ್ಲ", "ಇನ್ಶೂರೆನ್ಸ್ ಒಂದಿದ್ದರೆ ಆಯ್ತು" ಎಂಬ ಮಾತುಗಳು ಸ್ಟ್ಯಾಂಡಿನಲ್ಲೂ ಕೇಳುತ್ತವೆ, ವಾಟ್ಸ್‌ಆ್ಯಪ್ ಗುಂಪಿನಲ್ಲೂ ಬರುತ್ತವೆ. ಇವುಗಳನ್ನು ನಂಬಿ ರಸ್ತೆಗಿಳಿದರೆ ದಂಡ ಕಟ್ಟಿ ಪಾರಾಗಬಹುದು ಎಂದುಕೊಳ್ಳಬೇಡಿ. ಅಪಘಾತವಾದರೆ ಲಕ್ಷಗಟ್ಟಲೆ ಪರಿಹಾರದ ಹಣ ಮಾಲೀಕರ ತಲೆಗೇ ಬರಬಹುದು. ಹೇಗೆ ಎಂದು ಒಂದೊಂದಾಗಿ ನೋಡೋಣ.

ತಪ್ಪು ತಿಳಿವಳಿಕೆ 1: 7,500 ಕೆ.ಜಿ. ಒಳಗಿನ ಗಾಡಿಗೆ ಪರ್ಮಿಟ್ ಬೇಡ

ಇಲ್ಲಿ ಎರಡು ಬೇರೆ ಬೇರೆ ನಿಯಮಗಳು ಕಲಸಿಹೋಗಿವೆ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಒಂದು ತೀರ್ಪು ನೀಡಿತು. ಲಘು ಮೋಟಾರು ವಾಹನದ (ಎಲ್‌ಎಂವಿ) ಲೈಸೆನ್ಸ್ ಇದ್ದವರು ಒಟ್ಟು ತೂಕ 7,500 ಕೆ.ಜಿ. ಮೀರದ ಸಾರಿಗೆ ವಾಹನವನ್ನೂ ಓಡಿಸಬಹುದು ಎಂಬುದು ಅದರ ಸಾರ. ಆ ತೀರ್ಪು ಚಾಲಕರ ಲೈಸೆನ್ಸ್‌ಗೆ ಸಂಬಂಧಿಸಿದ್ದು, ವಾಹನದ ಪರ್ಮಿಟ್‌ಗೆ ಅಲ್ಲ.

ಪರ್ಮಿಟ್ ವಿಷಯ ಇರುವುದು 1988ರ ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್‌ನಲ್ಲಿ. ಅದರ ಪ್ರಕಾರ ಒಟ್ಟು ತೂಕ (ಗಾಡಿಯ ತೂಕ ಮತ್ತು ಹೊರಬಹುದಾದ ಸರಕಿನ ತೂಕ ಸೇರಿ) 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ. ಹಾಗಾಗಿ ಟಾಟಾ ಏಸ್‌ನಂತಹ ಸಣ್ಣ ಗಾಡಿಗಳು ಪರ್ಮಿಟ್ ಇಲ್ಲದೆ ಓಡುತ್ತವೆ. ಆದರೆ ಅವುಗಳಿಗೂ ಎಫ್‌ಸಿ ಮತ್ತು ವಿಮೆ ಕಡ್ಡಾಯ. 407, ಕ್ಯಾಂಟರ್, ದೊಡ್ಡ ಲಾರಿಗಳ ತೂಕ ಈ ಮಿತಿ ದಾಟುತ್ತದೆ, ಅವಕ್ಕೆ ಪರ್ಮಿಟ್ ಬೇಕೇ ಬೇಕು. ಗಾಡಿ ಖಾಲಿ ಹೋಗುತ್ತಿತ್ತು ಎಂಬ ನೆಪವೂ ನಡೆಯುವುದಿಲ್ಲ. ಸರಕು ಇರಲಿ, ಇಲ್ಲದಿರಲಿ ಪರ್ಮಿಟ್ ಇರಬೇಕು ಎಂದು ಅದೇ ಸೆಕ್ಷನ್ ಹೇಳುತ್ತದೆ.

ತಪ್ಪು ತಿಳಿವಳಿಕೆ 2: ಜಿಎಸ್‌ಟಿ, ಇ-ವೇ ಬಿಲ್ ಬಂದ ಮೇಲೆ ಪರ್ಮಿಟ್ ಹೋಯಿತು

2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟ್‌ಗಳು ಮುಚ್ಚಿದವು. ಈ ಗೊಂದಲ ಹುಟ್ಟಲು ಅದೂ ಕಾರಣವಿರಬಹುದು. ಆದರೆ ಇ-ವೇ ಬಿಲ್ ಸರಕಿನ ತೆರಿಗೆಗೆ ಸಂಬಂಧಿಸಿದ ದಾಖಲೆ. ಪರ್ಮಿಟ್ ಎಂದರೆ ವಾಹನ ಬಾಡಿಗೆಗೆ ಓಡಲು ಸಾರಿಗೆ ಇಲಾಖೆ ಕೊಡುವ ಅನುಮತಿ. ಒಂದು ಇದ್ದರೆ ಇನ್ನೊಂದು ಇದ್ದ ಹಾಗಲ್ಲ.

ರಾಜ್ಯದೊಳಗೆ ಓಡಲು ಗೂಡ್ಸ್ ಪರ್ಮಿಟ್ ಸಾಮಾನ್ಯವಾಗಿ ಐದು ವರ್ಷಕ್ಕೆ ಸಿಗುತ್ತದೆ. ಬೇರೆ ರಾಜ್ಯಗಳಿಗೂ ಹೋಗುವುದಿದ್ದರೆ ನ್ಯಾಷನಲ್ ಪರ್ಮಿಟ್ ಬೇಕು, ಅದರ ಅಧಿಕಾರಪತ್ರವನ್ನು ವರ್ಷ ವರ್ಷ ನವೀಕರಿಸಬೇಕು. ಇದಕ್ಕೆ ವಯಸ್ಸಿನ ಮಿತಿಯೂ ಇದೆ: ಸಾಮಾನ್ಯ ಲಾರಿಗೆ 12 ವರ್ಷ, ಮಲ್ಟಿ ಆಕ್ಸಲ್ ಲಾರಿಗೆ 15 ವರ್ಷ. ಹತ್ತು ಹನ್ನೊಂದು ವರ್ಷದ ಹಳೇ ಲಾರಿ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ಮುನ್ನ ಇದನ್ನು ಲೆಕ್ಕ ಹಾಕಿ.

ತಪ್ಪು ತಿಳಿವಳಿಕೆ 3: ಇನ್ಶೂರೆನ್ಸ್ ಇದ್ದರೆ ಉಳಿದದ್ದನ್ನು ಕಂಪನಿ ನೋಡಿಕೊಳ್ಳುತ್ತದೆ

ಹೆಚ್ಚು ನಷ್ಟ ಮಾಡುವ ಮಾತು ಇದೇ. 2018ರಲ್ಲಿ ಸುಪ್ರೀಂ ಕೋರ್ಟ್ ಅಮೃತ್ ಪಾಲ್ ಸಿಂಗ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅಪಘಾತ ಮಾಡಿದ ಲಾರಿಗೆ ವಿಮೆ ಇತ್ತು, ಪರ್ಮಿಟ್ ಇರಲಿಲ್ಲ. ಪರ್ಮಿಟ್ ಇಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ಓಡಿಸುವುದು ಕಾನೂನಿನ ಮೂಲಭೂತ ಉಲ್ಲಂಘನೆ ಎಂದು ಕೋರ್ಟ್ ಹೇಳಿತು. ವಿಮಾ ಕಂಪನಿ ಮೊದಲು ಸಂತ್ರಸ್ತರಿಗೆ ಪರಿಹಾರ ಕೊಡಲಿ, ಆಮೇಲೆ ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ ಎಂಬ ಕೆಳಗಿನ ಆದೇಶವನ್ನು ಎತ್ತಿಹಿಡಿಯಿತು.

ಅಂದರೆ ಸತ್ತವರ ಮನೆಯವರಿಗೆ ಹಣ ಸಿಗುತ್ತದೆ, ಆದರೆ ಕೊನೆಗೆ ಅದನ್ನು ತೆರಬೇಕಾದವರು ಲಾರಿ ಮಾಲೀಕರು. ಪ್ರತಿ ವರ್ಷ ತಪ್ಪದೆ ಪ್ರೀಮಿಯಂ ಕಟ್ಟಿದ್ದರೂ ಮನೆ, ಜಮೀನು ಮಾರುವ ಪರಿಸ್ಥಿತಿ ಬರಬಹುದು. ಪ್ರೀಮಿಯಂ ಕೂಡ ಸಣ್ಣ ಮೊತ್ತವಲ್ಲ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ, ತೆರಿಗೆ ಬಿಟ್ಟು, 7,500 ಕೆ.ಜಿ.ವರೆಗಿನ ಬಾಡಿಗೆ ಲಾರಿಯ ಥರ್ಡ್ ಪಾರ್ಟಿ ವಿಮೆಗೆ ವರ್ಷಕ್ಕೆ 16,049 ರೂ., 12,000ದಿಂದ 20,000 ಕೆ.ಜಿ.ವರೆಗಿನದಕ್ಕೆ 35,313 ರೂ. ಇಷ್ಟು ಹಣ ಕಟ್ಟಿಯೂ ಪರ್ಮಿಟ್ ಇಲ್ಲವೆಂದು ರಕ್ಷಣೆ ಕಳೆದುಕೊಂಡರೆ ಏನು ಬಂತು?

ತಪ್ಪು ತಿಳಿವಳಿಕೆ 4: ಲಾರಿಯಲ್ಲಿ ಇರುವವರಿಗೆಲ್ಲ, ಸರಕಿಗೂ ವಿಮೆ ಅನ್ವಯಿಸುತ್ತದೆ

ಮದುವೆ ದಿಬ್ಬಣ, ಜಾತ್ರೆ, ಕೂಲಿ ಕೆಲಸಕ್ಕೆ ಜನರನ್ನು ಗೂಡ್ಸ್ ಗಾಡಿಯಲ್ಲಿ ತುಂಬಿಕೊಂಡು ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಸರಕು ವಾಹನದಲ್ಲಿ ಹೀಗೆ ಸುಮ್ಮನೆ ಹತ್ತಿಸಿಕೊಂಡವರಿಗೆ ಪರಿಹಾರ ಕೊಡುವ ಹೊಣೆ ಕಾಯ್ದೆಯ ಪ್ರಕಾರ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟ್ 2002ರ ಕೊನೆಯಲ್ಲಿ ಆಶಾ ರಾಣಿ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಕಡ್ಡಾಯ ವಿಮೆಯ ವ್ಯಾಪ್ತಿಗೆ ಬರುವವರು ರಸ್ತೆಯಲ್ಲಿರುವ ಇತರರು, ಲಾರಿಯ ಚಾಲಕ, ಕ್ಲೀನರ್ ಹಾಗೂ ಸರಕಿನ ಜೊತೆ ಬರುವ ಅದರ ಮಾಲೀಕರು ಅಥವಾ ಅವರ ಪ್ರತಿನಿಧಿ.

ಥರ್ಡ್ ಪಾರ್ಟಿ ವಿಮೆ ಇದ್ದ ಮಾತ್ರಕ್ಕೆ ನಿಮ್ಮ ಲಾರಿ ಜಖಂ ಆದರೆ ರಿಪೇರಿ ಹಣ ಬರುವುದಿಲ್ಲ. ಅದಕ್ಕೆ ಓನ್ ಡ್ಯಾಮೇಜ್ ಸೇರಿದ ಪಾಲಿಸಿ ಬೇಕು. ಅದು ಇದ್ದರೂ ಒಳಗಿದ್ದ ಟೊಮೆಟೊ, ಸಿಮೆಂಟ್, ಟಿ.ವಿ. ಸೆಟ್‌ಗಳ ನಷ್ಟ ತುಂಬುವುದಿಲ್ಲ. ಸರಕಿಗೆ ಪ್ರತ್ಯೇಕ ಸಾಗಣೆ ವಿಮೆ ಮಾಡಿಸಬೇಕು.

ತಪ್ಪು ತಿಳಿವಳಿಕೆ 5: ಹಳೇ ಲಾರಿ ಕೊಂಡರೆ ಪರ್ಮಿಟ್ ತಾನಾಗಿಯೇ ಬರುತ್ತದೆ

ಲಾರಿ ಮಾರಾಟವಾದಾಗ ಥರ್ಡ್ ಪಾರ್ಟಿ ವಿಮೆ ಹೊಸ ಮಾಲೀಕರಿಗೆ ವರ್ಗವಾಯಿತು ಎಂದೇ ಕಾಯ್ದೆ ಪರಿಗಣಿಸುತ್ತದೆ. 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಪರ್ಮಿಟ್ ಹಾಗಲ್ಲ. 82ನೇ ಸೆಕ್ಷನ್ ಪ್ರಕಾರ ಸಾರಿಗೆ ಪ್ರಾಧಿಕಾರದ ಅನುಮತಿ ಇಲ್ಲದೆ ಅದು ಒಬ್ಬರಿಂದ ಇನ್ನೊಬ್ಬರಿಗೆ ವರ್ಗವಾಗುವುದಿಲ್ಲ.

ಮಾರಿದವರೂ ಎಚ್ಚರವಾಗಿರಬೇಕು. ಆರ್‌ಸಿಯಲ್ಲಿ ಯಾರ ಹೆಸರು ಇದೆಯೋ ಅವರೇ ಮಾಲೀಕರು ಎಂದು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಣ ಎಣಿಸಿಕೊಂಡು, ಖಾಲಿ ಫಾರಂಗೆ ಸಹಿ ಹಾಕಿ ಕೈತೊಳೆದುಕೊಂಡರೆ, ನಾಳೆ ಆ ಲಾರಿಯ ಅಪಘಾತದ ನೋಟಿಸ್ ನಿಮ್ಮ ಮನೆಗೇ ಬರಬಹುದು.

ಗಾಡಿ ಹೊರಡುವ ಮುನ್ನ ಏನು ನೋಡಬೇಕು?

ಆರ್‌ಸಿ, ಎಫ್‌ಸಿ, ತೆರಿಗೆ, ಪರ್ಮಿಟ್, ವಿಮೆ, ಹೊಗೆ ತಪಾಸಣೆ ಪತ್ರ, ಚಾಲಕರ ಲೈಸೆನ್ಸ್: ಈ ಏಳರಲ್ಲಿ ಪ್ರತಿಯೊಂದರ ಕೊನೆಯ ದಿನಾಂಕವನ್ನು ಒಂದೇ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಎಫ್‌ಸಿಯನ್ನು ಎಂಟು ವರ್ಷದವರೆಗಿನ ಗಾಡಿಗೆ ಎರಡು ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯದಕ್ಕೆ ವರ್ಷಕ್ಕೊಮ್ಮೆ ಮಾಡಿಸಬೇಕು. ಗಾಡಿ ನಂಬರ್ ಹಾಕಿ ಎಂಪರಿವಾಹನ್ ಆ್ಯಪ್‌ನಲ್ಲಿ ಎಫ್‌ಸಿ, ವಿಮೆಯ ಅವಧಿ ನೋಡಬಹುದು. ಹಳೇ ಲಾರಿ ಕೊಳ್ಳುವವರು ಮುಂಗಡ ಕೊಡುವ ಮೊದಲೇ ಈ ಕೆಲಸ ಮಾಡಿದರೆ ಒಳ್ಳೆಯದು.

ಒಟ್ಟಿನಲ್ಲಿ, ವಿಮೆ ಇದ್ದರೆ ಪರ್ಮಿಟ್ ಬೇಡ ಎಂಬುದು ತಪ್ಪು. ಪರ್ಮಿಟ್ ಇಲ್ಲದಿದ್ದರೆ ಆ ವಿಮೆ ಮಾಲೀಕರನ್ನು ಕಾಯುವುದಿಲ್ಲ. ಮುಂದಿನ ಸಲ ಇಂತಹ ಸಂದೇಶ ಬಂದಾಗ, ಅದರಲ್ಲಿರುವ ತೂಕದ ಮಿತಿ ಲೈಸೆನ್ಸ್‌ನದೋ ಪರ್ಮಿಟ್‌ನದೋ ಎಂದು ನೋಡಿ, ಆಮೇಲೆ ಮುಂದಕ್ಕೆ ಕಳಿಸಿ. ನಿಮ್ಮ ಮನೆಯಲ್ಲೋ ಊರಲ್ಲೋ ಲಾರಿ ಇಟ್ಟುಕೊಂಡವರಿದ್ದರೆ ಇದನ್ನು ಅವರಿಗೂ ತಲುಪಿಸಿ.