ಗಾಳಿಕೋವಿಯನ್ನು ಕೊಳ್ಳುವ ಮುನ್ನ

ಗಾಳಿಕೋವಿಯೊಂದನ್ನು ಕೊಳ್ಳಬೇಕೆಂದಿದ್ದೇವೆ, ಯಾವ ಬಗೆಯದು ಉತ್ತಮ ಎಂಬ ಪ್ರಶ್ನೆಯು ತೋಟ ಗದ್ದೆಗಳುಳ್ಳ ಗೃಹಸ್ಥರ ಮನೆಗಳಲ್ಲಿ ಮೇಲಿಂದ ಮೇಲೆ ಹುಟ್ಟುವುದುಂಟು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯಲ್ಲಿ ಈ ಪ್ರಶ್ನೆಗೆ ಕಾರಣವು ಎರಡು ಬಗೆಯದಾಗಿದೆ. ಮನೆಯ ಹುಡುಗರಿಗೆ ಗುರಿಯಾಟದ ಹಂಬಲ. ಮನೆಯ ಯಜಮಾನರಿಗೆ ಮಂಗಗಳ ಕಾಟ. ಎಳನೀರು ಬಲಿಯುವ ಮೊದಲೇ ಮಂಗಗಳು ಅದನ್ನು ಕಿತ್ತು ಕೆಡಹುತ್ತವೆ, ಬಾಳೆಗೊನೆ ಮನೆಗೆ ಸೇರುವುದಿಲ್ಲ, ನೆಲಗಡಲೆಯ ಗದ್ದೆಯಲ್ಲಿ ನವಿಲು ಕೆದಕುತ್ತದೆ, ಘಟ್ಟದ ಬುಡದ ಊರುಗಳಲ್ಲಿ ಕಾಡುಹಂದಿ ರಾತ್ರಿಯೊಳಗೆ ಬೈಲನ್ನು ಉತ್ತಿಡುತ್ತದೆ. ಇದು ಸಣ್ಣ ನಷ್ಟವಲ್ಲ. ಆದುದರಿಂದ ಈ ತಿಂಗಳು ಗಾಳಿಕೋವಿಯ ಆಯ್ಕೆಯನ್ನು ಕುರಿತು ನಾವು ಬಲ್ಲಷ್ಟನ್ನು ವಾಚಕರ ಮುಂದಿಡುವೆವು. ಯಾವ ಕೋವಿ ಎಂಬುದಕ್ಕಿಂತ ಏತಕ್ಕಾಗಿ ಎಂಬ ಪ್ರಶ್ನೆಯೇ ಇಲ್ಲಿ ಮೊದಲಿನದೆಂಬುದು ಮುಂದೆ ತಾನಾಗಿ ತಿಳಿದುಬರುವುದು.

ಮೊದಲು ಯಂತ್ರದ ಸ್ವರೂಪವನ್ನು ತಿಳಿಯೋಣ. ನಮ್ಮ ಹಳ್ಳಿಗಳಲ್ಲಿ ಬೆಡಿ ಎಂದು ಕರೆಯುವ ತೋಟಾ ಕೋವಿಗೂ ಇದಕ್ಕೂ ಬಹಳ ಅಂತರವಿದೆ. ಸ್ಪ್ರಿಂಗಿನ ಗಾಳಿಕೋವಿಯಲ್ಲಿ ಮದ್ದೂ ಇಲ್ಲ, ಬೆಂಕಿಯೂ ಇಲ್ಲ. ಒಂದು ಉಕ್ಕಿನ ಕೊಳವೆಯೊಳಗೆ ಬಲವಾದ ಸ್ಪ್ರಿಂಗು, ಅದರ ಮುಂದೆ ಒಂದು ಪಿಸ್ಟನು ಇರುತ್ತವೆ. ಕೋವಿಯನ್ನು ಎಳೆದಾಗ ಸ್ಪ್ರಿಂಗು ಕುಗ್ಗಿ ನಿಲ್ಲುತ್ತದೆ. ಬೆರಳಿನಿಂದ ಕುದುರೆಯನ್ನು ಒತ್ತಿದೊಡನೆ ಪಿಸ್ಟನು ಮುಂದಕ್ಕೆ ನುಗ್ಗಿ ಎದುರಿನ ಗಾಳಿಯನ್ನು ಹಿಂಡುತ್ತದೆ. ಹಿಂಡಿದ ಆ ಗಾಳಿಯು ಸೀಸದ ಗುಂಡನ್ನು ನಳಿಗೆಯಿಂದ ಹೊರಕ್ಕೆ ತಳ್ಳುತ್ತದೆ. ಈ ಕ್ರಮವು ಹೊಸದಲ್ಲ. ಬರ್ಮಿಂಗ್‌ಹ್ಯಾಮಿನ ಲಿಂಕನ್ ಜೆಫ್ರೀಸನು ೧೯೦೪ರಲ್ಲಿ ಹಕ್ಕುಪತ್ರ ಪಡೆದ ಮಾದರಿಯನ್ನು ಬಿ. ಎಸ್. ಎ. ಕಂಪೆನಿಯವರು ತಯಾರಿಸಿ ಪ್ರಸಿದ್ಧಿಗೆ ತಂದರು. ಜರ್ಮನಿಯ ಡಯಾನಾ ಕೋವಿಗಳನ್ನು ಮಾಡುವ ಕಾರ್ಖಾನೆಯು ಅದಕ್ಕೂ ಹಿಂದೆ, ೧೮೯೦ರಲ್ಲಿ, ಸ್ಥಾಪಿತವಾದುದು. ಈಗ ನಮ್ಮ ದೇಶದಲ್ಲಿಯೇ ಪ್ರೆಸಿಹೋಲ್ ಮೊದಲಾದ ತಯಾರಕರ ಕೋವಿಗಳು ದೊರೆಯುತ್ತವೆ.

ಕೊಳ್ಳುವವರು ಅಂಗಡಿಯ ಮೆಟ್ಟಿಲನ್ನು ಹತ್ತುವ ಮುನ್ನ ಕಾನೂನನ್ನು ತಿಳಿದಿರತಕ್ಕುದು. ೨೦೧೬ರ ಆಯುಧ ನಿಯಮಗಳ ಪ್ರಕಾರ ನಳಿಗೆಯ ಒಳವ್ಯಾಸವು ೪.೫ ಮಿಲಿಮೀಟರನ್ನು, ಅಂದರೆ .೧೭೭ ಅಂಗುಲವನ್ನು, ಮೀರದೆ, ಗುಂಡಿನ ಶಕ್ತಿಯು ೨೦ ಜೌಲಿನೊಳಗಿದ್ದರೆ ಪರವಾನಗಿಯ ಅಗತ್ಯವಿಲ್ಲ. ಇದಕ್ಕಿಂತ ದೊಡ್ಡದಕ್ಕೆ, ಉದಾಹರಣೆಗೆ .೨೨ ಅಂಗುಲದ ನಳಿಗೆಗೆ, ಪರವಾನಗಿ ಬೇಕು. ಅಜ್ಜನ ಕಾಲದ ಹಳೆಯ ಗಾಳಿಕೋವಿಯು ಅಟ್ಟದ ಮೇಲೆ ಇರುವ ಮನೆಯವರು ನಳಿಗೆಯ ಮೇಲೆ ಕೊರೆದಿರುವ ಅಂಕಿಯನ್ನು ಒಮ್ಮೆ ಒರಸಿ ನೋಡುವುದು ಲೇಸು. ಅದು .೨೨ ಆಗಿದ್ದರೆ ಹುಡುಗರ ಕೈಗೆ ಕೊಡದೆ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸತಕ್ಕುದು.

ಇನ್ನು ಆಯ್ಕೆಯ ವಿಚಾರ. ಸ್ಪ್ರಿಂಗನ್ನು ಎಳೆಯುವ ಕ್ರಮದಿಂದ ಈ ಕೋವಿಗಳಲ್ಲಿ ಮೂರು ಜಾತಿಗಳಾಗುತ್ತವೆ. ನಳಿಗೆಯನ್ನೇ ನಡುವಿನಲ್ಲಿ ಮುರಿದು ಬಗ್ಗಿಸುವುದು ಒಂದು. ನಳಿಗೆಯ ಕೆಳಗಿನ ಸನ್ನೆಯನ್ನು ಎಳೆಯುವುದು ಎರಡು. ಪಕ್ಕದ ಸನ್ನೆಯನ್ನು ಎಳೆಯುವುದು ಮೂರು. ಮೊದಲನೆಯದು ಹಗುರ, ಬೆಲೆಯಲ್ಲಿ ಕಡಿಮೆ, ಗುಂಡಿಡುವುದು ಸುಲಭ. ಆದರೆ ಪ್ರತಿ ಸಲವೂ ಬಗ್ಗಿದ ನಳಿಗೆಯು ಮರಳಿ ಅದೇ ಸ್ಥಾನದಲ್ಲಿ ಕೂಡಿಕೊಳ್ಳಬೇಕು. ಕೀಲು ಸಡಿಲವಾದರೆ ಗುರಿಯೂ ಸಡಿಲವಾಗುವುದು. ಉಳಿದೆರಡರಲ್ಲಿ ನಳಿಗೆಯು ಅಲುಗದೆ ಇರುವುದರಿಂದ ಗುರಿಯು ಸ್ಥಿರ. ಆದರೆ ಭಾರ ಹೆಚ್ಚು, ಬೆಲೆಯೂ ಹೆಚ್ಚು, ಸನ್ನೆಯು ಜಾರಿದರೆ ಬೆರಳಿಗೆ ಅಪಾಯವೂ ಉಂಟು. ಉಕ್ಕಿನ ಸ್ಪ್ರಿಂಗಿಗೆ ಬದಲಾಗಿ ಮುಚ್ಚಿದ ಕೊಳವೆಯಲ್ಲಿ ಅನಿಲವನ್ನು ತುಂಬಿದ ಮಾದರಿಗಳೂ ಈಚೆಗೆ ಬಂದಿವೆ. ಅವುಗಳಲ್ಲಿ ಸ್ಪ್ರಿಂಗಿನ ಝೇಂಕಾರ ಕಡಿಮೆ. ಕೆಟ್ಟರೆ ಮಾತ್ರ ಊರಿನ ಮೇಸ್ತ್ರಿಯಿಂದ ರಿಪೇರಿ ಸಾಧ್ಯವಾಗಲಾರದು. ಮೊದಲ ಸಲ ಕೊಳ್ಳುವ ಗೃಹಸ್ಥನಿಗೆ ಕೀಲು ಭದ್ರವಾಗಿರುವ, ನಡುವೆ ಮುರಿಯುವ ಸಾಧಾರಣ ಬಲದ ಕೋವಿಯೇ ಸಾಕೆಂಬುದು ನಮ್ಮ ಅಭಿಪ್ರಾಯ.

ಅಂಗಡಿಯಲ್ಲಿ ವೇಗದ ಅಂಕಿಯನ್ನು ದೊಡ್ಡದಾಗಿ ಹೇಳುವುದು ವಾಡಿಕೆ. ಸೆಕೆಂಡಿಗೆ ಸಾವಿರ ಅಡಿ ಎಂಬ ಮಾತಿಗೆ ಮರುಳಾಗಬಾರದು. ಅತಿ ಹಗುರವಾದ ಗುಂಡನ್ನು ಬಳಸಿ ಪಡೆದ ಅಂಕಿಯದು. ಶಬ್ದದ ವೇಗವನ್ನು ಸಮೀಪಿಸಿದ ಗುಂಡು ಗಾಳಿಯಲ್ಲಿ ಓಲಾಡಿ ಗುರಿ ತಪ್ಪುವುದು. ಅರ್ಧ ಗ್ರಾಮಿನ ಗುಂಡು ಸೆಕೆಂಡಿಗೆ ೨೪೦ ಮೀಟರಿನಂತೆ ಹೊರಟರೆ ಅದರ ಶಕ್ತಿಯು ಸುಮಾರು ೧೪ ಜೌಲಾಗುತ್ತದೆ. ಕಾಗದದ ಗುರಿಗೆ ಅದರ ಅರ್ಧವೂ ಧಾರಾಳ. ಬಲ ಹೆಚ್ಚಿದಷ್ಟೂ ಎಳೆಯುವ ಶ್ರಮ ಹೆಚ್ಚು, ಒದೆತ ಹೆಚ್ಚು, ಗುರಿ ಕಡಿಮೆ.

ವೇಗವನ್ನು ಬಿಟ್ಟು ಈ ನಾಲ್ಕನ್ನು ಪರೀಕ್ಷಿಸುವುದು ಮೇಲು. ಒಂದನೆಯದಾಗಿ, ನಳಿಗೆಯೊಳಗೆ ಸುರುಳಿಯಾಕಾರದ ಗೀರುಗಳಿರಬೇಕು. ಗುಂಡು ತಿರುಗುತ್ತ ಹೋಗಿ ನೇರವಾಗಿ ಸಾಗುವುದು ಇವುಗಳಿಂದಲೇ. ಎರಡನೆಯದಾಗಿ, ಕೋವಿಯು ಹಿಡಿಯುವವನ ಅಳತೆಗೆ ಒಪ್ಪಬೇಕು. ಬುಡವನ್ನು ಭುಜಕ್ಕೆ ಆನಿಸಿ ಕಣ್ಣು ಮುಚ್ಚಿ ಎತ್ತಿ, ಬಳಿಕ ಕಣ್ಣು ತೆರೆದಾಗ, ಹಿಂದಿನ ಸೀಳೂ ಮುಂದಿನ ಮೊನೆಯೂ ಕಣ್ಣಿನ ನೇರಕ್ಕೆ ಬಂದಿದ್ದರೆ ಅದು ನಿಮ್ಮ ಕೋವಿ. ಮೂರನೆಯದಾಗಿ, ಕುದುರೆಯು ಪ್ರತಿ ಸಲವೂ ಒಂದೇ ಸ್ಥಳದಲ್ಲಿ, ಒಂದೇ ಒತ್ತಡಕ್ಕೆ ಬಿಡಬೇಕು. ನಾಲ್ಕನೆಯದಾಗಿ, ಹತ್ತು ಮೀಟರ್ ದೂರದಿಂದ ಮೆತ್ತಗಿನ ಆಸರೆಯ ಮೇಲೆ ಐದು ಗುಂಡು ಹೊಡೆದರೆ ಐದೂ ಒಂದು ರೂಪಾಯಿಯ ನಾಣ್ಯದಗಲದೊಳಗೆ ಬೀಳಬೇಕು. ಬೀಳದಿದ್ದರೆ ಬೇರೆ ಡಬ್ಬಿಯ ಗುಂಡನ್ನು ಪ್ರಯತ್ನಿಸಿ ನೋಡುವುದು. ಒಂದೊಂದು ನಳಿಗೆಗೆ ಒಂದೊಂದು ಗುಂಡು ಹಿಡಿಸುತ್ತದೆ. ಮೇಲೆ ಕೂರಿಸುವ ದೂರದರ್ಶಕದ ಆತುರ ಬೇಡ. ಸ್ಪ್ರಿಂಗಿನ ಕೋವಿಯು ಹಿಂದಕ್ಕೂ ಮುಂದಕ್ಕೂ ಒದೆಯುವುದರಿಂದ, ಅದಕ್ಕೆಂದೇ ಮಾಡಿದ್ದಲ್ಲದ ದೂರದರ್ಶಕಗಳು ಬೇಗನೆ ಕೆಡುತ್ತವೆ.

ಈ ಎರಡು ಕಡೆಯ ಒದೆತವೇ ಹೊಸಬರನ್ನು ಕಂಗೆಡಿಸುವ ಗುಟ್ಟು. ಪಿಸ್ಟನು ಮುಂದಕ್ಕೆ ಹೊರಟಾಗ ಕೋವಿಯು ಹಿಂದಕ್ಕೆ ಸರಿಯುತ್ತದೆ. ಪಿಸ್ಟನು ನಿಂತಾಗ ಮುಂದಕ್ಕೆ ಕುಲುಕುತ್ತದೆ. ಬಿಗಿಯಾಗಿ ಹಿಡಿದರೆ ಅಥವಾ ಕಾಂಪೌಂಡಿನ ಕಲ್ಲುಗೋಡೆಯ ಮೇಲೆ ಊರಿದರೆ ಗುಂಡು ಸಲಕ್ಕೊಂದು ಕಡೆ ಹೋಗುವುದು. ಎಡದ ಅಂಗೈಯನ್ನು ತೆರೆದು, ಅದರ ಮೇಲೆ ಕೋವಿಯ ತೂಕವನ್ನು ಹಗುರವಾಗಿ ಮಲಗಿಸಿ, ಪ್ರತಿಸಲವೂ ಅದೇ ಸ್ಥಳದಲ್ಲಿ ಇಡುವುದೇ ಸರಿಯಾದ ಕ್ರಮ. ಗುಂಡಿಲ್ಲದೆ ಕುದುರೆ ಎಳೆಯಬಾರದು. ಎದುರಿನ ಗಾಳಿಯ ಆಸರೆಯಿಲ್ಲದೆ ಪಿಸ್ಟನು ಕೊಳವೆಯ ತುದಿಗೆ ಬಡಿದು ಹಾಳಾಗುವುದು. ಎಳೆದ ಸ್ಥಿತಿಯಲ್ಲಿ ಕೋವಿಯನ್ನು ಇಟ್ಟು ಊಟಕ್ಕೆ ಹೋಗಬಾರದು. ಸ್ಪ್ರಿಂಗೂ ಸೋಲುವುದು, ಮಗುವಿನ ಕೈಗೆ ಸಿಕ್ಕಿ ಅನರ್ಥವೂ ಆಗುವುದು.

ನಮ್ಮ ಕಡಲತೀರದ ಹವೆಯು ಉಕ್ಕಿಗೆ ಶತ್ರು. ಉಪ್ಪಿನ ಗಾಳಿ, ಬೆವರಿನ ಕೈ, ನಾಲ್ಕು ತಿಂಗಳ ಮಳೆ ಇವು ಮೂರೂ ಸೇರಿ ಒಂದು ಆಟಿ ತಿಂಗಳಲ್ಲಿಯೇ ನಳಿಗೆಗೆ ತುಕ್ಕು ತರುತ್ತವೆ. ಉಪಯೋಗಿಸಿದ ದಿನವೇ ಹೊರಮೈಯನ್ನು ಯಂತ್ರದ ಎಣ್ಣೆಯ ಬಟ್ಟೆಯಿಂದ ಒರಸಿಡಬೇಕು. ಮನೆಯಲ್ಲಿರುವುದೆಂದು ತೆಂಗಿನೆಣ್ಣೆಯನ್ನು ಹಚ್ಚಬಾರದು. ಅದು ಕಾಲಕ್ರಮದಲ್ಲಿ ಅಂಟಾಗುತ್ತದೆ. ಗಾಳಿ ಹಿಂಡುವ ಕೊಳವೆಯೊಳಗೆ ಕಂಡ ಕಂಡ ಎಣ್ಣೆಯನ್ನು ಬಿಡುವುದು ಇನ್ನೂ ಕೆಟ್ಟದ್ದು. ಹಿಂಡಿದ ಗಾಳಿಯ ಕಾವಿಗೆ ಎಣ್ಣೆಯು ಡೀಸಲ್ ಎಂಜಿನಿನಲ್ಲಿ ಉರಿಯುವಂತೆ ಉರಿದು, ಸದ್ದು ಮಾಡಿ, ಒಳಗಿನ ಭಾಗಗಳನ್ನು ಕೆಡಿಸುತ್ತದೆ.

ಗುರಿಯಾಟಕ್ಕೆ ಸ್ಥಳವನ್ನು ಹೇಗೆ ಆರಿಸಬೇಕು? ಇಲ್ಲಿ ನಾವು ಸ್ವಲ್ಪ ಖಂಡಿತವಾಗಿಯೇ ಹೇಳಬೇಕಾಗಿದೆ. ನಮ್ಮ ಸೀಮೆಯಲ್ಲಿ ಮನೆಗಳು ತೋಟದ ನಡುನಡುವೆ ಹರಡಿಕೊಂಡಿರುತ್ತವೆ. ಹಸುರಿನ ಆಚೆ ಏನೂ ಇಲ್ಲವೆಂದು ತೋರುವ ಕಡೆಯಲ್ಲಿಯೇ ನೆರೆಮನೆಯ ಬಾವಿಕಟ್ಟೆಯಿರುವುದು. ಗಾಳಿಕೋವಿಯ ಗುಂಡು ಇನ್ನೂರು ಗಜದಾಚೆಗೂ ಹಾರಬಲ್ಲುದು. ಕಣ್ಣಿಗೆ ತಗುಲಿದರೆ ಆ ಕಣ್ಣು ಮರಳಿ ಬರುವುದಿಲ್ಲ. ಆದುದರಿಂದ ಮೇಲ್ಮುಖವಾಗಿ, ಮರದ ತುದಿಗೆ, ಎಂದಿಗೂ ಹೊಡೆಯಬಾರದು. ಕೆಂಪುಕಲ್ಲಿನ ಗೋಡೆ, ಬಾಟಲಿ, ಕೆರೆಯ ನೀರು ಇವುಗಳಿಗೆ ತಗುಲಿದ ಗುಂಡು ಚಿಮ್ಮಿ ಬರುವುದು. ಹಸಿ ಮಣ್ಣಿನ ದಿಬ್ಬ ಅಥವಾ ಮರಳು ತುಂಬಿದ ಗೋಣಿಗಳ ಗೋಡೆಯೇ ಹಿಂಬದಿಗೆ ಯೋಗ್ಯ. ಅದರ ಮುಂದೆ ಅಡಿಕೆಯ ಹಾಳೆಯನ್ನು ನಿಲ್ಲಿಸಿ ಕಾಗದವನ್ನು ಅಂಟಿಸಿದರೆ ಗುರಿಯು ಸಿದ್ಧ. ಹೊಡೆಯುವವರಿಗೂ ನೋಡುವವರಿಗೂ ಕನ್ನಡಕವಿರಲಿ. ಗುಂಡನ್ನು ಬಾಯಲ್ಲಿಟ್ಟುಕೊಳ್ಳುವ ಅಭ್ಯಾಸವನ್ನು ಮಕ್ಕಳಿಗೆ ಬಿಡಿಸಬೇಕು, ಸೀಸವು ವಿಷ. ಆಟ ಮುಗಿದೊಡನೆ ಕೈ ತೊಳೆಯಬೇಕು.

ಬಯಲಿನಲ್ಲಿ ಹೊಡೆಯಬೇಕೆಂಬ ಆಸೆಯುಳ್ಳವರಿಗೂ ಪ್ರಾಣಿಯಿಲ್ಲದ ದಾರಿಯುಂಟು. ಇಂಗ್ಲೆಂಡಿನಲ್ಲಿ ತಗಡಿನ ಮೊಲ, ಇಲಿ, ಹಕ್ಕಿಗಳ ಆಕಾರಗಳನ್ನು ಬೇರೆ ಬೇರೆ ದೂರದಲ್ಲಿ ಗಿಡಮರಗಳ ನಡುವೆ ನಿಲ್ಲಿಸುತ್ತಾರೆ. ಆಕಾರದಲ್ಲೊಂದು ಸಣ್ಣ ತೂತಿರುತ್ತದೆ. ಗುಂಡು ಆ ತೂತಿನೊಳಗೆ ಹೊಕ್ಕರೆ ಮಾತ್ರ ತಗಡು ಮಗುಚುವುದು, ಅಂಚಿಗೆ ತಗುಲಿದರೆ ನಿಂತೇ ಇರುವುದು. ದೂರದ ಅಂದಾಜು, ಗಾಳಿಯ ಅಂದಾಜು, ಉಸಿರಿನ ಹಿಡಿತ ಎಲ್ಲವೂ ಇದರಲ್ಲಿವೆ. ಹತ್ತು ಮೀಟರಿನ ಕಾಗದದ ಗುರಿಯೂ ಹಗುರವಾದುದಲ್ಲ. ಒಲಿಂಪಿಕ್ ಪಂದ್ಯದಲ್ಲಿ ಹತ್ತರ ಬಿಂದುವಿನ ಅಗಲವು ಅರ್ಧ ಮಿಲಿಮೀಟರ್ ಮಾತ್ರ. ಅದೇ ಪಂದ್ಯದಲ್ಲಿ ೨೦೦೮ರಲ್ಲಿ ಬೀಜಿಂಗಿನಲ್ಲಿ ಅಭಿನವ ಬಿಂದ್ರಾ ಅವರು ಭಾರತಕ್ಕೆ ಚಿನ್ನವನ್ನು ತಂದರು.

ಈಗ ಮಂಗಗಳ ಮಾತಿಗೆ ಬರೋಣ. ಕೋವಿಯ ಬಗೆಗಳನ್ನು ಇಷ್ಟು ವಿವರಿಸಿದ ಮೇಲೂ, ಈ ಕೆಲಸಕ್ಕೆ ಯಾವುದು ಉತ್ತಮ ಎಂದರೆ ಯಾವುದೂ ಅಲ್ಲ ಎಂದೇ ನಾವು ಉತ್ತರಿಸಬೇಕಾಗಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ; ಗಾಯಗೊಳಿಸುವುದೂ, ಕೊಲ್ಲಲು ಯತ್ನಿಸುವುದೂ ಬೇಟೆಯೇ. ೨೦೨೨ರ ತಿದ್ದುಪಡಿಯಿಂದ ನಮ್ಮ ಊರಿನ ಮಂಗವು ಮೊದಲನೆಯ ಅನುಸೂಚಿಗೆ ಸೇರಿದೆ. ೧೯೬೩ರಿಂದ ರಾಷ್ಟ್ರಪಕ್ಷಿಯಾಗಿರುವ ನವಿಲೂ ಅಲ್ಲಿಯೇ ಇದೆ. ಈ ಅನುಸೂಚಿಯ ಪ್ರಾಣಿಯ ಬೇಟೆಗೆ ಮೂರರಿಂದ ಏಳು ವರ್ಷಗಳ ಸೆರೆಮನೆ, ಇಪ್ಪತ್ತೈದು ಸಾವಿರ ರೂಪಾಯಿಗಳಿಗೆ ಕಡಿಮೆಯಿಲ್ಲದ ದಂಡ. ಬೆಳೆ ಹಾಳಾಯಿತೆಂಬುದು ಇದಕ್ಕೆ ಸಮಾಧಾನವಾಗದು. ಕೋವಿಗೆ ಪರವಾನಗಿ ಬೇಡವೆಂದ ಮಾತ್ರಕ್ಕೆ ಪ್ರಾಣಿಗೆ ಹೊಡೆಯಲು ಪರವಾನಗಿ ದೊರೆತಂತಲ್ಲ.

ಕಾನೂನನ್ನು ಬದಿಗಿಟ್ಟು ನೋಡಿದರೂ ಲಾಭವಿಲ್ಲ. ಈ ಸಣ್ಣ ಗುಂಡು ಮಂಗವನ್ನು ಅಲ್ಲಿಯೇ ಕೊಲ್ಲಲಾರದು. ಚರ್ಮದೊಳಗೆ ಹೊಕ್ಕು ಹುಣ್ಣಾಗಿ, ಕಣ್ಣು ಕುರುಡಾಗಿ, ಆ ಜೀವವು ದಿನಗಟ್ಟಲೆ ನರಳಿ ಎಲ್ಲಿಯೋ ಸಾಯುವುದು. ಕಾಡುಹಂದಿಗಾದರೆ ಅದು ಹೊಡೆದದ್ದೂ ತಿಳಿಯದು. ಇನ್ನೊಂದು ಭಯವೂ ಉಂಟು. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡುಬಂದ ಮಂಗನ ಕಾಯಿಲೆಯು ಘಟ್ಟದ ಎರಡು ಮಗ್ಗುಲಿನವರಿಗೂ ಗೊತ್ತಿರುವುದೇ. ಸತ್ತ ಮಂಗದ ಮೈಯಿಂದ ಇಳಿದ ಉಣುಗುಗಳು ರೋಗವನ್ನು ಹರಡಬಲ್ಲವು. ಮಂಗಗಳು ಸತ್ತು ಬೀಳುವುದೇ ಆರೋಗ್ಯ ಇಲಾಖೆಗೆ ಸಿಗುವ ಮೊದಲ ಎಚ್ಚರಿಕೆ. ತೋಟದಲ್ಲಿ ಸತ್ತ ಮಂಗ ಕಂಡರೆ ಮುಟ್ಟದೆ, ಮಕ್ಕಳನ್ನೂ ನಾಯಿಯನ್ನೂ ಹತ್ತಿರ ಬಿಡದೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸತಕ್ಕುದು.

ಹಾಗಾದರೆ ತೋಟದವನು ಕೈಕಟ್ಟಿ ಕುಳಿತಿರಬೇಕೇ ಎಂದು ಕೇಳಬಹುದು. ಹಾಗಲ್ಲ. ಗೊನೆಯನ್ನು ಬಲಿಯುತ್ತಲೇ ಇಳಿಸಿ ಮನೆಯಲ್ಲಿ ಹಣ್ಣಾಗಿಸುವುದು, ಕೊಯ್ಲಿನ ದಿನಗಳಲ್ಲಿ ನೆರೆಕರೆಯವರು ಸರದಿಯಿಂದ ಕಾಯುವುದು, ತರಕಾರಿಯ ಪಾತಿಗೆ ಬಲೆ ಹೊದೆಸುವುದು, ಹಂದಿಯ ದಾರಿಗೆ ಸೌರಬೇಲಿ ಹಾಕುವುದು, ದಾರಿಯ ಬದಿಯ ಮಂಗಗಳಿಗೆ ತಿಂಡಿ ಎಸೆಯುವವರನ್ನು ತಡೆಯುವುದು ಇವೆಲ್ಲವೂ ನಮ್ಮ ಕೈಯೊಳಗಿನವು. ಮನುಷ್ಯನ ಕೈಯಿಂದ ತಿಂದ ಮಂಗಕ್ಕೆ ಮನುಷ್ಯನ ಭಯವಿರುವುದಿಲ್ಲ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆಯನ್ನು ಕೇಳಬಹುದು; ಹಂದಿ ಮೊದಲಾದವುಗಳಿಂದಾದ ಬೆಳೆಹಾನಿಗೆ ಅರಣ್ಯ ಇಲಾಖೆಯಲ್ಲಿ ಪರಿಹಾರದ ಅರ್ಜಿಯನ್ನು ಕೊಡಬಹುದು. ಇವುಗಳಿಂದ ನಷ್ಟವು ಪೂರ್ತಿಯಾಗಿ ನಿಲ್ಲುವುದೆಂದು ನಾವು ಹೇಳಲಾರೆವು. ಗಾಳಿಕೋವಿಯಿಂದಲೂ ಅದು ನಿಲ್ಲದು, ಮೇಲೆ ಹೊಸದೊಂದು ಕಷ್ಟವು ಮನೆಗೆ ಬರುವುದು.

ಆದುದರಿಂದ ಕೊಳ್ಳಬೇಕೆಂದಿರುವವರಿಗೆ ನಮ್ಮ ಸೂಚನೆಯಿಷ್ಟು. ಮೊದಲು ಮರಳಿನ ಗೋಣಿಗಳ ಗೋಡೆಯನ್ನು ಕಟ್ಟಿ, ಅನಂತರ ಕೋವಿಯನ್ನು ತನ್ನಿರಿ. .೧೭೭ ಅಂಗುಲದ, ಗೀರುಳ್ಳ ನಳಿಗೆಯ, ಹಿಡಿಯುವವರ ತೋಳಿಗೆ ಭಾರವಾಗದ ಸಾಧಾರಣ ಬಲದ್ದನ್ನು ಆರಿಸಿರಿ. ರಶೀದಿಯನ್ನು ಜೋಪಾನವಾಗಿಡಿರಿ. ಕೋವಿಯನ್ನೂ ಗುಂಡಿನ ಡಬ್ಬಿಯನ್ನೂ ಬೇರೆ ಬೇರೆ ಬೀಗದೊಳಗಿಟ್ಟು, ಹಿರಿಯರು ಎದುರಿಗಿದ್ದಾಗ ಮಾತ್ರ ಮಕ್ಕಳ ಕೈಗೆ ಕೊಡಿರಿ. ಹಾಳೆಯ ಮೇಲಿನ ಕಾಗದಕ್ಕೆ ಹೊಡೆಯುವುದರಲ್ಲಿಯೇ ತೃಪ್ತಿ ಕಾಣಬಲ್ಲವರ ಮನೆಗೆ ಈ ಕೋವಿಯು ಒಂದು ಒಳ್ಳೆಯ ವಿನೋದ, ಕೈಗೂ ಕಣ್ಣಿಗೂ ಒಳ್ಳೆಯ ಶಿಕ್ಷಣ. ಅಷ್ಟರಲ್ಲಿ ತೃಪ್ತಿಯಿಲ್ಲದವರು ಆ ಹಣದಲ್ಲಿ ಬಲೆಯನ್ನು ಕೊಳ್ಳುವುದೇ ಮೇಲು.